ಬಯಲಾಟದ ವಿಡಿಯೋದಲ್ಲಿ ಹೆಜ್ಜೆ ಮುಂದೆ ಚೆಂಡೆ ಹಿಂದೆ: ಕೋಡೆಕ್ಕು, ಟೈಟಲ್ ಆನಿಮೇಶನ್ ತೊಂದ್ರೆಗೆ ನನ್ನ ಉತ್ತರ

ಸರ್, ನಿಮ್ಮ ಪೋಸ್ಟ್ ಎರಡು ಸಲ ಓದ್ದೆ. ಊರಿನ ಬಯಲಾಟನ ಎರಡು ಫೋನು ಒಂದು ಕ್ಯಾಮೆರಾ ಇಟ್ಕೊಂಡು ರಾತ್ರಿಯಿಡೀ ಶೂಟ್ ಮಾಡಿದೀರ, ಕೆಡೆನ್‌ಲೈವ್ ಅನ್ನೋ ವಿಡಿಯೋ ಎಡಿಟಿಂಗ್ ಪ್ರೋಗ್ರಾಮಿಗೆ ಹಾಕಿದ್ಮೇಲೆ ಶುರುವಲ್ಲಿ ಸರಿ ಇದ್ದದ್ದು ಗಂಟೆ ಕಳೆಯೋಷ್ಟರಲ್ಲಿ ಹೆಜ್ಜೆ ಮೊದಲು ಬಿದ್ದು ಚೆಂಡೆ ಆಮೇಲೆ ಕೇಳ್ತಿದೆ, ಕಲಾವಿದರ ಹೆಸರಿನ ಪಟ್ಟಿ ಹಿಂದೆ ಕಪ್ಪು ಡಬ್ಬ ಬರ್ತಿದೆ, ಒಂದೊಂದೇ ಅಕ್ಷರ ಮೂಡಿಸೋ ಟೈಪ್‌ರೈಟರ್ ಎಫೆಕ್ಟ್ ಹಾಕಿದ್ರೆ ಕನ್ನಡ ಅಕ್ಷರ ಒಡೀತಿದೆ, ಪ್ರಿವ್ಯೂ ನಿಂತು ನಿಂತು ಓಡ್ತಿದೆ. ಮೇಲೆ ಮೂರು ಜನ ಲ್ಯಾಪ್‌ಟಾಪ್ ಬದಲಾಯಿಸಿ ಅಂದಿದಾರೆ. ದಯವಿಟ್ಟು ಈಗ್ಲೇ ದುಡ್ಡು ಖರ್ಚು ಮಾಡ್ಬೇಡಿ. ನೀವು ಹೇಳಿದ ನಾಲ್ಕು ತೊಂದ್ರೇಲಿ ಮೂರಕ್ಕೂ ಲ್ಯಾಪ್‌ಟಾಪ್‌ಗೂ ಸಂಬಂಧನೇ ಇಲ್ಲ, ಲಕ್ಷ ರೂಪಾಯಿ ಮೆಷಿನ್ ತಂದ್ರೂ ಅವು ಹಾಗೇ ಇರ್ತವೆ. ನಾಲ್ಕನೇದಕ್ಕೂ ಖರ್ಚಿಲ್ಲದ ದಾರಿ ಇದೆ.

ಮೊದ್ಲು ಒಂದು ಕೆಲಸ. ಒರಿಜಿನಲ್ ಫೈಲ್ ಎಲ್ಲಾ ಬೇರೆ ಹಾರ್ಡ್‌ಡಿಸ್ಕಿಗೆ ಒಂದು ಕಾಪಿ ಹಾಕಿಟ್ಬಿಡಿ. ಮದುವೆ ವಿಡಿಯೋ ಹಾಳಾದ್ರೆ ಫೋಟೋ ಆದ್ರೂ ಇರತ್ತೆ, ಆ ರಾತ್ರಿಯ ಆಟ ಮತ್ತೆ ಹಾಗೇ ಆಗಲ್ಲ. ಇದನ್ನ ಯಾಕೆ ಹೇಳ್ತೀನಿ ಅಂದ್ರೆ ನಾನು ನಮ್ಮೂರಿನ ನಾಟಕದ ರೆಕಾರ್ಡಿಂಗ್ ಕನ್ವರ್ಟ್ ಮಾಡಿ ಜಾಗ ಸಾಲಲ್ಲ ಅಂತ ಒರಿಜಿನಲ್ ಅಳಿಸಿದ್ದೆ, ಆಮೇಲೆ ನೋಡಿದ್ರೆ ಕನ್ವರ್ಟ್ ಆದ ಫೈಲಲ್ಲಿ ಕೊನೇ ಅಂಕದ ಧ್ವನಿನೇ ಇರ್ಲಿಲ್ಲ. ಅದರಲ್ಲಿ ಪಾತ್ರ ಮಾಡಿದ್ದ ಹಿರಿಯರೊಬ್ಬರು ಈಗಿಲ್ಲ. ಇವತ್ತಿಗೂ ಅದು ನನಗೆ ಕೊರಗು.

ಈಗ ವಿಷಯಕ್ಕೆ ಬರ್ತೀನಿ. ನೀವು "ಎಲ್ಲಾ ಎಂಪಿ4 ಫೈಲೇ, ಆದ್ರೂ ಒಂದು ಸರಿ ಓಡತ್ತೆ ಒಂದು ಓಡಲ್ಲ" ಅಂತ ಬರ್ದಿದೀರ. ಎಂಪಿ4 ಅನ್ನೋದು ಬರೀ ಡಬ್ಬಿ ಸರ್. ಒಳಗಡೆ ವಿಡಿಯೋನ ಹಿಂಡಿಡೋ ವಿಧಾನ, ಅಂದ್ರೆ ಕೋಡೆಕ್ಕು, ಎಚ್.264 ಇರ್ಬೋದು, ಎಚ್ಇವಿಸಿ ಇರ್ಬೋದು, ಎವಿ1 ಇರ್ಬೋದು. ಡಬ್ಬಿ ಮೇಲಿನ ಚೀಟಿ ಒಂದೇ ಆದ್ರೂ ಒಳಗಿರೋದು ಉಪ್ಪೋ ಸಕ್ಕರೆಯೋ ಗೊತ್ತಾಗಲ್ಲ. ಅದಕ್ಕೆ ಮೀಡಿಯಾಇನ್ಫೋ ಅಂತ ಒಂದು ಫ್ರೀ ಪ್ರೋಗ್ರಾಮ್ ಇದೆ, ಹಾಕ್ಕೊಂಡು ಮೂರೂ ಕಡೆಯ ಒಂದೊಂದು ಫೈಲ್ ಅದರಲ್ಲಿ ತೆಗೀರಿ. ನೋಡ್ಬೇಕಾದ್ದು ಫಾರ್ಮ್ಯಾಟ್, ಬಿಟ್ ಡೆಪ್ತ್ (ಬಣ್ಣ ಎಷ್ಟು ಸೂಕ್ಷ್ಮ ಅನ್ನೋದು), ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ, ಅಂದ್ರೆ ಫ್ರೇಮ್, ಅನ್ನೋದು), ಮುಖ್ಯವಾಗಿ ಫ್ರೇಮ್ ರೇಟ್ ಮೋಡ್. ಅಲ್ಲಿ ವೇರಿಯಬಲ್ (ಒಂದೇ ಸಮ ಇಲ್ಲ, ಏರಿಳಿಯತ್ತೆ) ಅಂತ ಇದ್ರೆ ನಿಮ್ಮ ಚೆಂಡೆ ತೊಂದ್ರೆಯ ಮೂಲ ಬಹುಮಟ್ಟಿಗೆ ಅಲ್ಲೇ ಸಿಕ್ತು ಅಂದ್ಕೊಳಿ.

ಫೋನು ಮಾಡೋದೇನಂದ್ರೆ ಬೆಳಕು ಕಮ್ಮಿ ಆದಾಗ ಒಂದೊಂದು ಫ್ರೇಮಿಗೆ ಜಾಸ್ತಿ ಹೊತ್ತು ತಗೊಳತ್ತೆ, ಬಿಸಿ ಆದಾಗ್ಲೂ ಒಂದೆರಡು ಬಿಟ್ಬಿಡತ್ತೆ, ಹಾಗಾಗಿ ಸೆಕೆಂಡಿಗೆ 30 ಅಂತ ಸೆಟ್ಟಿಂಗಲ್ಲಿ ಇದ್ರೂ ನಿಜವಾಗಿ ಒಂದ್ಸಲ 30, ಒಂದ್ಸಲ 28, ಕತ್ತಲೆ ದೃಶ್ಯದಲ್ಲಿ 24 ಹೀಗೆ ಏರಿಳಿಯತ್ತೆ. ಧ್ವನಿ ಮಾತ್ರ ಒಂದೇ ವೇಗದಲ್ಲಿ ರೆಕಾರ್ಡ್ ಆಗಿರತ್ತೆ. ಎಡಿಟರ್ ಎಲ್ಲಾ ಫ್ರೇಮೂ ಒಂದೇ ಅಳತೆ ಅಂತ ಲೆಕ್ಕ ಹಾಕಿದ್ರೆ ಚಿತ್ರ ಬೇಗ ಮುಗಿಯತ್ತೆ. ಸರಾಸರಿ 29.97 ಇರೋದನ್ನ 30 ಅಂತ ಓಡಿಸಿದ್ರೂ ಸಾಕು, ಒಂದು ಗಂಟೇಲಿ 108 ಫ್ರೇಮ್ ಕಮ್ಮಿ ಬೀಳತ್ತೆ, ಅಂದ್ರೆ 3.6 ಸೆಕೆಂಡ್ ಹೆಜ್ಜೆ ಮುಂದೆ ಓಡತ್ತೆ. ಅಷ್ಟರಲ್ಲಿ ಭಾಗವತರು ಪದ್ಯದ ಮುಂದಿನ ಸಾಲಿಗೆ ಹೋಗಿರ್ತಾರೆ.

ಸರಿ ಮಾಡೋಕೆ ಮುಂಚೆ ವ್ಯತ್ಯಾಸ ಹೇಗೆ ಬೆಳೆಯತ್ತೆ ಅಂತ ನೋಡಿ, ಇದು ಯಾರೂ ನೋಡಲ್ಲ ಆದ್ರೆ ಇದ್ರಲ್ಲೇ ಕಾಯಿಲೆ ಗೊತ್ತಾಗೋದು. ಶುರುವಿಂದ ಕೊನೇವರೆಗೂ ಒಂದೇ ಅಳತೆ ತಪ್ಪಿದ್ರೆ ನೀವು ಜೋಡಿಸಿದ್ದೇ ತಪ್ಪು, ಕ್ಲಿಪ್ ಸರಿಸಿದ್ರೆ ಮುಗೀತು. ನಿಧಾನಕ್ಕೆ ಒಂದೇ ಸಮ ಬೆಳೀತಾ ಹೋದ್ರೆ ಫ್ರೇಮ್ ರೇಟ್ ಲೆಕ್ಕ ತಪ್ಪಿದೆ. ಸ್ವಲ್ಪ ಹೊತ್ತು ಸರಿ ಇದ್ದು ದೀಪ ಮಂಕಾದ ಕಡೆ ಸಡನ್ನಾಗಿ ಜಾರಿದ್ರೆ ಅದು ವೇರಿಯಬಲ್ ಫ್ರೇಮ್ ರೇಟೇ. ಇನ್ನು ಎರಡು ಬೇರೆ ಸಾಧನಗಳ ಗಡಿಯಾರ ಪೂರ್ತಿ ಒಂದೇ ಥರ ಓಡಲ್ಲ, ಗಂಟೆಗೆ ಒಂದೆರಡು ಫ್ರೇಮ್ ಆಚೀಚೆ ಆಗೋದು ಸಹಜ, ಅದಕ್ಕೆ ತಲೆ ಕೆಡಿಸ್ಕೊಳ್ಬೇಡಿ, ಒಂದು ಪದ್ಯ ಮುಗಿದ ಕಡೆ ಕತ್ತರಿಸಿ ಮತ್ತೆ ಜೋಡಿಸಿದ್ರೆ ಸಾಕು. ಜೋಡಿಸೋಕೆ ಚೆಂಡೆಯವರ ಕೋಲು ಚರ್ಮಕ್ಕೆ ತಾಗೋ ಫ್ರೇಮ್ ಹಿಡ್ಕೊಳಿ, ಚಪ್ಪಾಳೆಗಿಂತ ಸ್ಪಷ್ಟವಾಗಿ ಕಾಣತ್ತೆ. ಹಿಮ್ಮೇಳ ಕಾಣೋ ಹಾಗೆ ಒಂದು ಫೋನ್ ಇಟ್ಟಿದೀರ ಅಂತ ಬರ್ದಿದೀರಲ್ಲ, ಅದನ್ನೇ ಆಧಾರ ಮಾಡ್ಕೊಳಿ.

ಪರಿಹಾರ: ಕೆಡೆನ್‌ಲೈವಲ್ಲಿ ಪ್ರಾಜೆಕ್ಟ್ ಬಿನ್ನಲ್ಲಿ (ನೀವು ಹಾಕಿದ ಫೈಲ್‌ಗಳ ಪಟ್ಟೀಲಿ) ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಟ್ರಾನ್ಸ್‌ಕೋಡ್ ಟು ಎಡಿಟ್ ಫ್ರೆಂಡ್ಲಿ ಫಾರ್ಮ್ಯಾಟ್ ಅಂತ ಬರತ್ತೆ, ಅದು ಎಡಿಟಿಂಗಿಗೆ ಸರಿಹೋಗೋ ಹೊಸ ಫೈಲ್ ಮಾಡ್ಕೊಡತ್ತೆ. ಫೈಲ್ ಹಾಕುವಾಗ್ಲೇ ಅದು ಒಂದು ಎಚ್ಚರಿಕೆ ಕೊಟ್ಟಿರತ್ತೆ, ನಾವು ಓದ್ದೆ ಮುಚ್ಚಿರ್ತೀವಿ. ಶಾಟ್‌ಕಟ್ ಅನ್ನೋ ಇನ್ನೊಂದು ಎಡಿಟರ್ ಬಳಸೋರಿಗೂ ಇದೇ ಥರ ಕನ್ವರ್ಟ್ ಟು ಎಡಿಟ್ ಫ್ರೆಂಡ್ಲಿ ಇದೆ, ಎರಡೂ ಒಳಗೆ ಎಂಎಲ್‌ಟಿ ಅನ್ನೋ ಒಂದೇ ಎಂಜಿನ್ ಮೇಲೆ ನಿಂತಿರೋದ್ರಿಂದ ಸ್ವಭಾವ ಹೆಚ್ಚುಕಮ್ಮಿ ಒಂದೇ. ಆದ್ರೆ ನಿಮ್ಮ ಹತ್ರ ಇರೋದು ಗಂಟೆಗಟ್ಟಲೆ ಫುಟೇಜ್, ಎಡಿಟಿಂಗಿಗಂತಲೇ ಇರೋ ಪ್ರೋರೆಸ್ 422 ಅನ್ನೋ ಕೋಡೆಕ್ಕಿಗೆ ಹಾಕಿದ್ರೆ 1080 ಸೈಜಿನ ವಿಡಿಯೋ ಗಂಟೆಗೆ ಸುಮಾರು 66 ಜಿಬಿ ತಿನ್ನತ್ತೆ, ರಾತ್ರಿಯಿಡೀ ಆಟ, ಮೂರು ಕಡೆಯ ಶೂಟು, ಲೆಕ್ಕ ಹಾಕಿ. ಅದಕ್ಕೆ ನಾನು ಹೇಳೋದು ಹ್ಯಾಂಡ್‌ಬ್ರೇಕ್ ಅನ್ನೋ ಕನ್ವರ್ಟ್ ಮಾಡೋ ಪ್ರೋಗ್ರಾಮ್ ಬಳಸಿ, ವಿಡಿಯೋ ಟ್ಯಾಬಲ್ಲಿ ಎಚ್.264, ಫ್ರೇಮ್ ರೇಟ್ 30, ಕೆಳಗೆ ಕಾನ್‌ಸ್ಟಂಟ್ ಫ್ರೇಮ್ ರೇಟ್ (ಒಂದೇ ಸಮ) ಅನ್ನೋದನ್ನ ಒತ್ತಿ, ಕ್ವಾಲಿಟಿ ಆರ್‌ಎಫ್ 16 ಅಥವಾ 17 (ಈ ನಂಬರ್ ಕಮ್ಮಿ ಆದಷ್ಟೂ ಗುಣಮಟ್ಟ ಜಾಸ್ತಿ). ಸೈಜು ಒರಿಜಿನಲ್ಲಿಗಿಂತ ದೊಡ್ಡದಾದ್ರೂ ಹೆದರ್ಬೇಡಿ. ಮೊದಲು ಹತ್ತು ನಿಮಿಷದ ತುಂಡು ಮಾಡಿ ನೋಡಿ, ಸರಿ ಬಂದ್ರೆ ರಾತ್ರಿ ಮಲಗುವಾಗ ಎಲ್ಲಾ ಕ್ಯೂಗೆ ಹಾಕಿ ಬಿಡಿ. ಬೆಳಿಗ್ಗೆ ಎದ್ದು ಪ್ರತಿ ಫೈಲಿನ ಶುರು, ನಡು, ಕೊನೆ ಧ್ವನಿ ಸಮೇತ ಕೇಳಿ.

ಕ್ಯಾಮೆರಾ 25ರಲ್ಲಿದೆ, ಫೋನ್ 30ರಲ್ಲಿದೆ ಅಂದ್ರಿ. ಇದು ಬೇರೆ ವಿಷ್ಯ. 30ರ ಪ್ರಾಜೆಕ್ಟಲ್ಲಿ 25ರ ಕ್ಲಿಪ್ ಹಾಕಿದ್ರೆ ಪ್ರತಿ ಐದು ಫ್ರೇಮಿಗೆ ಒಂದು ಎರಡೆರಡು ಸಲ ಬರತ್ತೆ, 25ರ ಪ್ರಾಜೆಕ್ಟಲ್ಲಿ 30ರ ಕ್ಲಿಪ್ ಹಾಕಿದ್ರೆ ಪ್ರತಿ ಆರರಲ್ಲಿ ಒಂದು ಮಾಯ ಆಗತ್ತೆ. ಮಾತುಗಾರಿಕೆಯಲ್ಲಿ ಗೊತ್ತಾಗಲ್ಲ, ವೇಷ ಗಿರ್ಕಿ ತಿರುಗುವಾಗ ಮಾತ್ರ ಕಣ್ಣಿಗೆ ಹೊಡೆಯತ್ತೆ. ನಿಮ್ಮದ್ರಲ್ಲಿ ಎರಡು ಕಡೆಯದು 30 ಇರೋದ್ರಿಂದ ಪ್ರಾಜೆಕ್ಟ್ 30 ಇಡಿ, ಕುಣಿತ ಜೋರಿರೋ ಕಡೆ ಫೋನಿನ ಶಾಟ್ ಬಳಸಿ. ಮುಂದಿನ ಆಟಕ್ಕೆ ಎಲ್ಲಾ ಒಂದೇ ಇಟ್ಕೊಳಿ, ಮತ್ತೆ ನಮ್ಮ ಕರೆಂಟು 50 ಹರ್ಟ್ಜ್ ಆಗಿರೋದ್ರಿಂದ ಶಟರ್ 1/50 ಅಥವಾ 1/100 ಇಟ್ರೆ ರಂಗಸ್ಥಳದ ಟ್ಯೂಬ್‌ಲೈಟು ಪಟಪಟ ಅನ್ನೋದು ಬಹಳ ಮಟ್ಟಿಗೆ ನಿಲ್ಲತ್ತೆ.

ಇನ್ನು ಕಪ್ಪು ಡಬ್ಬ. ಹೆಸರಿನ ಪಟ್ಟಿ ಆನಿಮೇಶನ್ ನಿಮ್ಮ ಸ್ನೇಹಿತರು ಮಾಡಿ ವಾಟ್ಸಾಪಲ್ಲಿ ಎಂಪಿ4 ಕಳ್ಸಿದಾರೆ ಅಂದ್ರಲ್ಲ, ಅಲ್ಲೇ ಹೋಯ್ತು. ಎಲ್ಲರೂ ಬಳಸೋ ಎಚ್.264ನಲ್ಲಿ ಪಾರದರ್ಶಕ ಭಾಗ ಉಳಿಯಲ್ಲ, ಅದಕ್ಕೆ ಆಲ್ಫಾ ಚಾನಲ್ ಅಂತಾರೆ, ಎಕ್ಸ್‌ಪೋರ್ಟ್ ಆಗುವಾಗ್ಲೇ ಅಲ್ಲಿ ಕಪ್ಪು ತುಂಬ್ಕೊಂಡಿರತ್ತೆ. ನೀವು ಇಲ್ಲಿ ಯಾವ ಬಟನ್ ಒತ್ತಿದ್ರೂ ಅದು ವಾಪಸ್ ಬರಲ್ಲ. ಅವರಿಗೆ ಹೇಳಿ ಪ್ರೋರೆಸ್ 4444 ಅಥವಾ ಕ್ವಿಕ್‌ಟೈಮ್ ಆನಿಮೇಶನ್ ಕೋಡೆಕ್ಕಲ್ಲಿ ಆಲ್ಫಾ ಸಮೇತ ಎಂಓವಿ ಫೈಲ್ ಕೊಡ್ಲಿ, ಇಲ್ಲಾ ಪಿಎನ್‌ಜಿ ಫ್ರೇಮ್‌ಗಳ ಫೋಲ್ಡರ್ ಜಿಪ್ ಮಾಡಿ ಕೊಡ್ಲಿ. ಬರೀ ಪ್ರೋರೆಸ್ 422 ಅಂದ್ರೆ ಆಗಲ್ಲ, ಅದರಲ್ಲೂ ಆಲ್ಫಾ ಇಲ್ಲ, ಇದು ತುಂಬಾ ಜನ ಎಡವೋ ಜಾಗ. ಅವರೂ ಕೆಡೆನ್‌ಲೈವೇ ಬಳಸ್ತಿದ್ರೆ ರೆಂಡರ್ (ಕೊನೇ ಫೈಲ್ ತಯಾರಿಸೋದು) ಪಟ್ಟೀಲಿ ಆಲ್ಫಾ ಇರೋ ಸಿದ್ಧ ಸೆಟ್ಟಿಂಗ್‌ಗಳೇ ಬೇರೆ ಇವೆ. ಕಳ್ಸೋದು ಡ್ರೈವ್ ಲಿಂಕಲ್ಲಿ, ಇಲ್ಲಾ ವಾಟ್ಸಾಪಲ್ಲೇ ಆದ್ರೆ ಡಾಕ್ಯುಮೆಂಟ್ ಆಗಿ, ವಿಡಿಯೋ ಅಂತ ಕಳ್ಸಿದ್ರೆ ಅದು ಮತ್ತೆ ಹಿಂಡಿಬಿಡತ್ತೆ. ಬೆಂಕಿ, ಕಿಡಿ, ಬೆಳಕಿನ ಎಫೆಕ್ಟ್ ಕಪ್ಪು ಹಿನ್ನೆಲೇಲಿ ಇದ್ರೆ ಎರಡು ಚಿತ್ರ ಬೆರೆಸೋ ವಿಧಾನದಲ್ಲಿ ಸ್ಕ್ರೀನ್ (ಬ್ಲೆಂಡ್ ಮೋಡ್) ಹಾಕಿದ್ರೆ ಕಪ್ಪು ಹೋಗತ್ತೆ, ಆದ್ರೆ ನಿಮ್ಮ ಪಟ್ಟಿ ಕಡು ಕೆಂಪು ಬಣ್ಣದ್ದು, ಅದಕ್ಕೆ ಹಾಕಿದ್ರೆ ಹಿಂದಿನ ಪರದೆಯೆಲ್ಲಾ ಅದರೊಳಗಿಂದ ಕಾಣತ್ತೆ.

ಅಕ್ಷರ ಒಡೆಯೋದು ನನಗೆ ತುಂಬಾ ಹತ್ತಿರದ ವಿಷ್ಯ, ಸ್ವಲ್ಪ ಉದ್ದ ಬರೀತೀನಿ. ಟೈಪ್‌ರೈಟರ್ ಎಫೆಕ್ಟ್ ಇಂಗ್ಲಿಷ್ ಲೆಕ್ಕದಲ್ಲಿ ಮಾಡಿರೋದು, ಒಂದು ಕೋಡ್ ಅಂದ್ರೆ ಒಂದು ಅಕ್ಷರ. ನಮ್ಮಲ್ಲಿ ಹಾಗಿಲ್ಲ. "ಪ್ರಸಂಗ" ಕಣ್ಣಿಗೆ ಮೂರಕ್ಷರ, ಕಂಪ್ಯೂಟರ್ ಅಕ್ಷರಗಳಿಗೆ ಬಳಸೋ ಯುನಿಕೋಡಲ್ಲಿ ಆರು: ಪ, ಹಲಂತ, ರ, ಸ, ಸೊನ್ನೆ, ಗ. ಹಾಗಾಗಿ ಪರದೆ ಮೇಲೆ ಮೊದ್ಲು "ಪ" ಬರತ್ತೆ, ಆಮೇಲೆ "ಪ್" ಆಗತ್ತೆ, ಆಮೇಲೆ "ಪ್ರ". "ಲಕ್ಷ್ಮೀ" ಅನ್ನೋ ಎರಡಕ್ಷರಕ್ಕೆ ಏಳು ಹೆಜ್ಜೆ. ಕಲಾವಿದರ ಹೆಸರು ಅರ್ಧ ಸೆಕೆಂಡ್ ಆದ್ರೂ ತಪ್ಪಾಗಿ ಕಾಣೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಸುಲಭ ದಾರಿ ಅಂದ್ರೆ ಟೈಪ್‌ರೈಟರಲ್ಲಿ ಕ್ಯಾರೆಕ್ಟರ್ ಬದಲು ವರ್ಡ್ ಆರಿಸಿ, ಪದ ಪದವಾಗಿ ಬರತ್ತೆ, ಒತ್ತಕ್ಷರ ಬಿಡಿ ಆಗೋ ಪ್ರಶ್ನೆನೇ ಇಲ್ಲ. ಅಕ್ಷರ ಬರೆದ ಹಾಗೇ ಕಾಣ್ಬೇಕು ಅಂತಿದ್ರೆ ಟೈಟಲ್ ಪೂರ್ತಿ ಇಟ್ಟು ಎಡದಿಂದ ಬಲಕ್ಕೆ ಮೆಲ್ಲಗೆ ತೆರೆಯೋ ವೈಪ್ ಎಫೆಕ್ಟ್ ಹಾಕಿ, ಅಂಚು ಸ್ವಲ್ಪ ಮೃದು ಮಾಡಿ, ಅದು ಇನ್ನೂ ಚೆನ್ನಾಗಿ ಕಾಣತ್ತೆ. ಟೈಪ್ ಮಾಡಿದ ಕೂಡ್ಲೇ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿದ ಹಾಗೆ ಬಂದ್ರೆ ಅದು ಬೇರೆ ಕಾಯಿಲೆ, ಕರಪತ್ರ ಮಾಡಿದ ಡಿಟಿಪಿ ಅಂಗಡಿಯಿಂದ ತಂದ ಹೆಸರುಗಳು ಹಳೇ ನುಡಿ ಫಾಂಟಿನ ಆಸ್ಕಿ ಅಕ್ಷರದಲ್ಲಿರ್ತವೆ (ಒಳಗಿರೋದು ಇಂಗ್ಲಿಷ್ ಕೋಡು, ಆ ಫಾಂಟಲ್ಲಿ ಮಾತ್ರ ಕನ್ನಡ ಕಾಣತ್ತೆ), ಯುನಿಕೋಡಿಗೆ ಪರಿವರ್ತನೆ ಮಾಡಿ ಆಮೇಲೆ ಅಂಟಿಸಿ. ಫಾಂಟಿಗೆ ನೋಟೋ ಸೆರಿಫ್ ಕನ್ನಡ ಇಲ್ಲಾ ದಪ್ಪ ಬೇಕಂದ್ರೆ ಬಾಲೂ ತಮ್ಮ ಹಾಕಿ, ಎರಡೂ ಉಚಿತ. ಒತ್ತು ಕೆಳಗೆ ಇಳಿಯತ್ತೆ, ಸಾಲಿನ ಅಂತರ ಸ್ವಲ್ಪ ಜಾಸ್ತಿ ಬಿಡಿ.

ನೀವು ಕೊನೇಲಿ ಒಂದು ಸಾಲು ಬರ್ದಿದೀರ, ಹೆಸರಿನ ಪಟ್ಟಿ ಒಳಗೆ ಬಂದು ನಿಂತ್ಮೇಲೂ ಮೆಲ್ಲಗೆ ತೇಲ್ತಾ ಇರತ್ತೆ ಅಂತ. ಅದು ಕೀಫ್ರೇಮ್ (ಯಾವ ಹೊತ್ತಿಗೆ ಎಲ್ಲಿರ್ಬೇಕು ಅಂತ ಗುರುತು ಮಾಡೋ ಬಿಂದು) ಸ್ಮೂತ್ ಇಟ್ಟಿರೋದಕ್ಕೆ. ಒಳಗೆ ಬರೋದು, ನಿಲ್ಲೋದು, ಹೊರಗೆ ಹೋಗೋದು ಅಂತ ನಾಲ್ಕು ಕೀಫ್ರೇಮ್ ಇರ್ತವಲ್ಲ, ನಡುವಿನ ಎರಡರ ಬೆಲೆ ಒಂದೇ ಇದ್ರೂ ಸ್ಮೂತ್ ಮೋಡಲ್ಲಿ ಅದು ಹಿಂದು ಮುಂದಿನ ವೇಗ ನೋಡ್ಕೊಂಡು ಬಾಗಿದ ಗೆರೆ ಎಳೆಯತ್ತೆ, ಹಾಗಾಗಿ ಸ್ವಲ್ಪ ದಾಟಿ ಹೋಗಿ ವಾಪಸ್ ಬರತ್ತೆ. ಎರಡನೇ ಕೀಫ್ರೇಮನ್ನ ಹೋಲ್ಡ್ ಇಲ್ಲಾ ಲೀನಿಯರ್ ಮಾಡಿ, ಕಂಬದ ಹಾಗೆ ನಿಲ್ಲತ್ತೆ. ಕೆಳಗೆ ಓಡೋ ಸಾಲು ನಡುಗಿದ ಹಾಗೆ ಕಂಡ್ರೆ ವೇಗನ ಪೂರ್ಣ ಪಿಕ್ಸೆಲ್ ಲೆಕ್ಕಕ್ಕೆ ತನ್ನಿ: 1920 ಪಿಕ್ಸೆಲ್ ದೂರನ 192 ಫ್ರೇಮಲ್ಲಿ ದಾಟಿಸಿದ್ರೆ ಫ್ರೇಮಿಗೆ ಸರಿಯಾಗಿ 10 ಪಿಕ್ಸೆಲ್.

ಉಳಿದದ್ದು ಪ್ರಿವ್ಯೂ. ಎಚ್.264, ಎಚ್ಇವಿಸಿ ಎರಡರಲ್ಲೂ ಪೂರ್ತಿ ಚಿತ್ರ ಅಪರೂಪಕ್ಕೊಂದು ಇರತ್ತೆ, ನಡುವಿನದೆಲ್ಲಾ ಏನು ಬದಲಾಯ್ತು ಅನ್ನೋದಷ್ಟೇ, ನೀವು ನಡುವೆ ಎಲ್ಲೋ ಕ್ಲಿಕ್ ಮಾಡಿದ್ರೆ ಪಾಪ ಅದು ಹಿಂದಿನ ಪೂರ್ತಿ ಚಿತ್ರದಿಂದ ಲೆಕ್ಕ ಹಾಕ್ಕೊಂಡು ಬರ್ಬೇಕು. ಮೂರು ಟ್ರ್ಯಾಕ್ ಇದ್ರೆ ಮೂರಕ್ಕೂ. ಪ್ರಾಜೆಕ್ಟ್ ಸೆಟ್ಟಿಂಗಲ್ಲಿ ಪ್ರಾಕ್ಸಿ (ಎಡಿಟ್ ಮಾಡುವಾಗ ಮಾತ್ರ ಬಳಸೋ ಹಗುರ ನಕಲು) ಆನ್ ಮಾಡಿ, ಪ್ರಿವ್ಯೂ ರೆಸೊಲ್ಯೂಶನ್ 540 ಇಲ್ಲಾ 360 ಮಾಡಿ, ನಿಮ್ಮ 8 ಜಿಬಿ ಲ್ಯಾಪ್‌ಟಾಪಲ್ಲೇ ಆರಾಮಾಗಿ ಓಡತ್ತೆ, ಕೊನೇ ರೆಂಡರಲ್ಲಿ ಅದು ಒರಿಜಿನಲ್ ಫೈಲೇ ತಗೊಳತ್ತೆ. ಆನಿಮೇಶನ್ ಇರೋ ಕಡೆ ಟೈಮ್‌ಲೈನ್ ಪ್ರಿವ್ಯೂ ರೆಂಡರ್ ಹಾಕಿ, ಆ ಭಾಗ ಮೊದಲೇ ತಯಾರಾಗಿರತ್ತೆ. ಪ್ರಿವ್ಯೂನಲ್ಲಿ ತಡವರಿಸಿದ್ದೆಲ್ಲಾ ತಪ್ಪು ಅಂತ ಕೀಫ್ರೇಮ್ ತಿದ್ದೋಕೆ ಹೋಗ್ಬೇಡಿ, ಹತ್ತು ಸೆಕೆಂಡ್ ರೆಂಡರ್ ಮಾಡಿ ನೋಡಿದ್ಮೇಲೇ ತಿದ್ದಿ. ರೆಂಡರ್ ಆದ ಫೈಲಲ್ಲೂ ಎಫೆಕ್ಟ್ ಕಡೆ ಫ್ರೇಮ್ ಹಿಂದುಮುಂದಾಗಿದ್ರೆ ರೆಂಡರ್ ಕಿಟಕೀಲಿ ಪ್ಯಾರಲಲ್ ಪ್ರೊಸೆಸಿಂಗ್ (ಒಟ್ಟೊಟ್ಟಿಗೆ ಹಲವು ಫ್ರೇಮ್ ಮಾಡೋದು) ಟಿಕ್ ತೆಗೆದು ಮತ್ತೆ ಮಾಡಿ.

ಎರಡನೇ ಫೋನ್ ಐಫೋನ್ ಅಂದ್ರಿ, ಬಣ್ಣ ಬಿಳಿಚಿಕೊಂಡ ಹಾಗೆ ಕಂಡ್ರೆ ಅದು ಎಚ್‌ಡಿಆರ್ (ಬೆಳಕು-ಬಣ್ಣ ಹೆಚ್ಚು ವಿಸ್ತಾರವಾಗಿ ಹಿಡಿಯೋ ಮೋಡ್) ಆನ್ ಇತ್ತು ಅಂತ, ಮುಂದಿನ ಸಲ ಕ್ಯಾಮೆರಾ ಸೆಟ್ಟಿಂಗಲ್ಲಿ ಆಫ್ ಮಾಡಿ, ಫಾರ್ಮ್ಯಾಟಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಇಡಿ.

ಮೂರೂ ಫೈಲಿನ ಮೀಡಿಯಾಇನ್ಫೋ ಸ್ಕ್ರೀನ್‌ಶಾಟ್ ಇಲ್ಲೇ ಕೆಳಗೆ ಹಾಕಿ ಸರ್, ಹತ್ತು ನಿಮಿಷದ ತುಂಡು ಕನ್ವರ್ಟ್ ಮಾಡಿದ್ಮೇಲೆ ಚೆಂಡೆ ಸರಿ ಕೂತ್ಕೊಂಡ್ತಾ ಅನ್ನೋದನ್ನೂ ಬರೀರಿ, ರಾತ್ರಿ ಊಟ ಆದ್ಮೇಲೆ ಕೂತು ನೋಡ್ತೀನಿ.