ತೂಕದ ಆಪರೇಷನ್: ನೀವು ಕೇಳಿದ್ದು, ನಾನು ಕಂಡಿದ್ದು

ಎರಡು ಸಂಚಿಕೆ ಹಿಂದೆ, ಗೊರಕೆಯ ಬಗ್ಗೆ ಬಂದ ಪ್ರಶ್ನೆಗೆ ಉತ್ತರ ಬರೆಯುವಾಗ, ನಾನೂ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡಿದ್ದೇನೆ ಎಂದು ಒಂದು ಸಾಲು ಸೇರಿಸಿದ್ದೆ. ಗೊರಕೆಯ ಸುದ್ದಿ ಎಲ್ಲರೂ ಮರೆತರು. ಆಮೇಲೆ ಬಂದ ಪತ್ರಗಳೆಲ್ಲ ಆ ಒಂದು ಸಾಲಿನ ಹಿಂದೆ ಬಿದ್ದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ನಾನು ಡಾಕ್ಟರ್ ಅಲ್ಲ. ನನ್ನ ಹೊಟ್ಟೆಪಾಡು ಲೆಕ್ಕಪತ್ರ ನೋಡುವುದು. ನಾಲ್ಕು ವರ್ಷದ ಹಿಂದೆ ಆಪರೇಷನ್ ಆದಾಗ ನನ್ನ ತೂಕ 112 ಕಿಲೋ, ಎತ್ತರ 160 ಸೆಂಟಿಮೀಟರ್. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಕೇಳಿಕೊಂಡಿದ್ದೀರಿ. ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಆಪರೇಷನ್ ಮಾಡಿ ಎಷ್ಟು ಕಿಲೋ ಕೊಬ್ಬು ತೆಗೆದರು?

ಒಂದು ಗ್ರಾಮೂ ಇಲ್ಲ! ಕೊಬ್ಬು ಹೀರಿ ತೆಗೆಯುವ ಲಿಪೊಸಕ್ಷನ್ ಬೇರೆ, ಇದು ಬೇರೆ. ನನಗೆ ಮಾಡಿದ್ದು ಸ್ಲೀವ್ ಆಪರೇಷನ್. ಜಠರದ ಮುಕ್ಕಾಲು ಭಾಗಕ್ಕೂ ಜಾಸ್ತಿ ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಸಪೂರ ಕೊಳವೆ. ಕತ್ತರಿಸಿದ ಅಂಚನ್ನು ಸಣ್ಣ ಸ್ಟೇಪಲ್ ಪಿನ್ನುಗಳಿಂದ ಮುಚ್ಚುತ್ತಾರೆ. ತೆಗೆದದ್ದು ಹೋಯಿತು, ಮತ್ತೆ ಜೋಡಿಸುವ ಮಾತಿಲ್ಲ. ಇದನ್ನು ಸಹಿ ಹಾಕುವ ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು.

ಇನ್ನೊಂದು ಬೈಪಾಸ್. ಅದರಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ. ಇದೇನೂ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ಸರ್ಜನ್ 1966ರಲ್ಲೇ ಇದರ ಮೊದಲ ರೂಪವನ್ನು ಮಾಡಿದ್ದರು. ಹೊಟ್ಟೆ ಹುಣ್ಣಿಗೆಂದು ಜಠರದ ಭಾಗ ತೆಗೆಸಿಕೊಂಡವರು ತೂಕ ಕಳೆದುಕೊಳ್ಳುವುದನ್ನು ಕಂಡು ಹೊಳೆದ ಯೋಚನೆ ಅದು. ಎದೆಯುರಿ ಜಾಸ್ತಿ ಇರುವವರಿಗೆ ಸಾಮಾನ್ಯವಾಗಿ ಬೈಪಾಸ್ ಹೇಳುತ್ತಾರೆ, ಯಾಕೆಂದರೆ ಸ್ಲೀವ್ ಆದಮೇಲೆ ಎದೆಯುರಿ ಹೆಚ್ಚಬಹುದು. ನನಗೆ ಮೊದಲು ಇರಲಿಲ್ಲ. ಈಗ ರಾತ್ರಿ ತಡವಾಗಿ ತಿಂದರೆ ಬರುತ್ತದೆ.

ಪ್ರಶ್ನೆ: ಬಾಯಿ ಕಟ್ಟಿ, ದಿನಾ ನಡೆದಿದ್ದರೆ ಸಾಕಿತ್ತಲ್ಲ? ಇದು ಅಡ್ಡದಾರಿ ಅಲ್ವಾ?

ಈ ಪತ್ರದ ಅಕ್ಷರ ಮುದ್ದಾಗಿದೆ, ಸಿಟ್ಟು ಮಾತ್ರ ಮುದ್ದಾಗಿಲ್ಲ. ಇರಲಿ. ನನ್ನ ಮನೆಯಲ್ಲೇ ಇದನ್ನು ಕೇಳಿದವರಿದ್ದಾರೆ.

ಹತ್ತೊಂಬತ್ತನೇ ವಯಸ್ಸಿನಿಂದ ಬಾಯಿ ಕಟ್ಟಿದವಳು ನಾನು. ಒಮ್ಮೆ 18 ಕಿಲೋ ಇಳಿಸಿದ್ದೆ. ಎರಡು ವರ್ಷದೊಳಗೆ ಅಷ್ಟೂ ವಾಪಸ್ ಬಂತು, ಜೊತೆಗೆ ಇನ್ನಷ್ಟು. ಆಗ ನನಗೆ ಗೊತ್ತಿದ್ದ ವಿವರಣೆ ಒಂದೇ: ನನಗೆ ಮನಸ್ಸು ಗಟ್ಟಿ ಇಲ್ಲ. ಆದರೆ ತೂಕ ಇಳಿಯುತ್ತಿದ್ದ ಹಾಗೆ ದೇಹವೇ ತಿರುಗಿ ಬೀಳುತ್ತದೆ. ಖರ್ಚು ಮಾಡುವ ಕ್ಯಾಲೊರಿ ಕಡಿಮೆ ಮಾಡಿಕೊಳ್ಳುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಏರಿಸುತ್ತದೆ. ಜಪಾನಿನ ವಿಜ್ಞಾನಿಗಳು ಈ ಗ್ರೆಲಿನ್ ಅನ್ನು ಕಂಡುಹಿಡಿದದ್ದೇ 1999ರಲ್ಲಿ. ಅದು ಹೆಚ್ಚಾಗಿ ತಯಾರಾಗುವುದು ಜಠರದ ಮೇಲ್ಭಾಗದ ಉಬ್ಬಿನಲ್ಲಿ. ಸ್ಲೀವ್ ಆಪರೇಷನ್‌ನಲ್ಲಿ ಕತ್ತರಿಸಿ ತೆಗೆಯುವುದು ಅದೇ ಉಬ್ಬನ್ನು. ಅಂದರೆ ಬರೀ ಜಾಗ ಚಿಕ್ಕದಾಗುವುದಲ್ಲ, ಹಸಿವಿನ ಕೂಗೇ ತಗ್ಗುತ್ತದೆ.

ಆಪರೇಷನ್ ಆಗಿ ಒಂದೆರಡು ತಿಂಗಳಾಗಿತ್ತು. ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬ. ನನ್ನ ಮೇಜಿನ ಮೇಲೆ ಕೇಕಿನ ತುಂಡು ಇಟ್ಟು ಹೋಗಿದ್ದರು. ಒಂದು ಚೂರು ಬಾಯಿಗೆ ಹಾಕಿಕೊಂಡು ಲೆಕ್ಕ ನೋಡುತ್ತಾ ಕೂತೆ. ಸಂಜೆ ಹೊರಡುವಾಗ ನೋಡಿದರೆ ಅದು ಅಲ್ಲೇ ಇದೆ. ಮರೆತೇಬಿಟ್ಟಿದ್ದೆ! ನನ್ನ ಪಕ್ಕದ ಸಹೋದ್ಯೋಗಿ ವರ್ಷಗಟ್ಟಲೆ ಹೀಗೇ ಅರ್ಧ ತಿಂದು ಬಿಡುವುದನ್ನು ನೋಡಿದ್ದೆ. ಎಂಥಾ ಸಂಯಮ ಅಂತ ಒಳಗೊಳಗೆ ನಾಚಿಕೊಳ್ಳುತ್ತಿದ್ದೆ. ಅವತ್ತು ಗೊತ್ತಾಯಿತು, ಅವರು ಏನನ್ನೂ ತಡೆದುಕೊಳ್ಳುತ್ತಿರಲಿಲ್ಲ. ಅವರಿಗೆ ಸುಮ್ನೆ ಸಾಕಾಗುತ್ತಿತ್ತು, ಅಷ್ಟೇ. ನಾನು ದಿನವಿಡೀ ಜಗಳ ಆಡುತ್ತಿದ್ದ ವಿಷಯ ಅವರ ತಲೆಗೆ ಬರುತ್ತಲೇ ಇರಲಿಲ್ಲ. ಆ ಸಂಜೆ ಬಸ್ಸಿನಲ್ಲಿ ಕೂತಾಗ ಖುಷಿಗಿಂತ ಸಿಟ್ಟೇ ಜಾಸ್ತಿ ಬಂತು. ಇಷ್ಟು ವರ್ಷ ನನ್ನನ್ನು ನಾನೇ ಬೈದುಕೊಂಡದ್ದಕ್ಕೆ.

ಅಡ್ಡದಾರಿ ಅಂದಿರಲ್ಲ, ಮುಂದಿನ ಉತ್ತರಗಳನ್ನು ಓದಿ. ಆ ದಾರಿ ಎಷ್ಟು ಸಲೀಸು ಅಂತ ನೀವೇ ಹೇಳಿ.

ಪ್ರಶ್ನೆ: ತುಂಬಾ ನೋಯುತ್ತದಾ? ನನಗೆ ಇಂಜೆಕ್ಷನ್ ಅಂದರೂ ಭಯ.

ಹೊಟ್ಟೆ ಉದ್ದಕ್ಕೆ ಸೀಳುವುದಿಲ್ಲ. ನಾಲ್ಕೈದು ಸಣ್ಣ ತೂತುಗಳ ಮೂಲಕ ಲ್ಯಾಪ್ರೊಸ್ಕೋಪಿಯಲ್ಲಿ ಮಾಡುತ್ತಾರೆ. ನನಗೆ ಹೊಟ್ಟೆಗಿಂತ ಜಾಸ್ತಿ ನೋವಿದ್ದದ್ದು ಭುಜದಲ್ಲಿ. ಒಳಗೆ ಜಾಗ ಮಾಡಿಕೊಳ್ಳಲು ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತಾರೆ. ಅದು ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯನ್ನು ಕೆಣಕಿದಾಗ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಮದ್ದು ಎದ್ದು ಓಡಾಡುವುದು. ಅದೇ ದಿನ ಸಂಜೆ ನರ್ಸ್ ನನ್ನನ್ನು ಎಬ್ಬಿಸಿ ವಾರ್ಡಿನ ತುದಿಯವರೆಗೆ ನಡೆಸಿದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಎಂಬ ಕಾರಣವೂ ಇದೆ.

ಆಪರೇಷನ್‌ಗೆ ಮುಂಚಿನ ಎರಡು ವಾರವೇ ನನಗೆ ಹೆಚ್ಚು ಕಷ್ಟವಾಯಿತು. ಕ್ಯಾಲೊರಿ ತೀರಾ ಕಡಿಮೆ ಇರುವ ಆಹಾರ ಮಾತ್ರ. ಜಠರದ ಮೇಲೆ ಯಕೃತ್ತಿನ ಒಂದು ಭಾಗ ಒರಗಿಕೊಂಡಿರುತ್ತದೆ. ಕೊಬ್ಬು ತುಂಬಿದ ಯಕೃತ್ತು ಸ್ವಲ್ಪ ಕುಗ್ಗಿದರೆ ಸರ್ಜನ್‌ಗೆ ಕೈಯಾಡಿಸಲು ಜಾಗ ಸಿಗುತ್ತದೆ. ಆಗಿನ್ನೂ ಹಸಿವು ಪೂರ್ತಿ ಇತ್ತಲ್ಲ! ಮನೆಯವರ ಮೇಲೆಲ್ಲ ರೇಗಾಡಿದ್ದೆ.

ಮನೆಗೆ ಬಂದಮೇಲೆ ಜ್ವರ, ತುಂಬಾ ಜೋರಾದ ಎದೆಬಡಿತ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಪಿನ್ನು ಹಾಕಿದ ಅಂಚು ಸೋರುತ್ತಿರಬಹುದು. ಅಪರೂಪ, ಆದರೆ ಜೀವಕ್ಕೆ ಅಪಾಯ.

ಪ್ರಶ್ನೆ: ನನ್ನ ಬಿಎಂಐ 36. ಸಕ್ಕರೆ ಕಾಯಿಲೆ ಇಲ್ಲ. ನನಗೆ ಮಾಡುತ್ತಾರಾ?

ಬಿಎಂಐ ಅಂದರೆ ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಅಂಕಿ. 1991ರಲ್ಲಿ ಅಮೆರಿಕದಲ್ಲಿ ಮಾಡಿದ ನಿಯಮದಲ್ಲಿ ಬಿಎಂಐ 40 ಇರಬೇಕಿತ್ತು, ಅಥವಾ 35 ಇದ್ದು ಜೊತೆಗೊಂದು ಗಂಭೀರ ಕಾಯಿಲೆ ಇರಬೇಕಿತ್ತು. 2022ರಲ್ಲಿ ತಜ್ಞರ ಸಂಘಗಳು ಅದನ್ನು ಬದಲಿಸಿದವು. ಈಗ 35 ದಾಟಿದವರಿಗೆ ಬೇರೆ ಕಾಯಿಲೆ ಇರಲಿ ಬಿಡಲಿ ಸಲಹೆ ಮಾಡಬಹುದು. ಏಷ್ಯಾ ಮೂಲದವರಿಗೆ ಈ ಮಿತಿ ಇನ್ನೂ ಕೆಳಗೆ, 27.5ರಿಂದಲೇ ಯೋಚಿಸಬಹುದು ಎನ್ನುತ್ತದೆ ಹೊಸ ಸಲಹೆ. ಆದರೆ ಅರ್ಹತೆ ಇದೆ ಅಂದಮಾತ್ರಕ್ಕೆ ಮಾಡಿಸಿಕೊಳ್ಳಲೇಬೇಕು ಅಂತಿಲ್ಲ.

ಪ್ರಶ್ನೆ: ಈಗ ಒಂದು ಹೊತ್ತಿಗೆ ಎಷ್ಟು ತಿನ್ನುತ್ತೀರಿ?

ಮೊದಲು ಬರೀ ನೀರಿನಂಥದ್ದು, ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತಗಿನದು, ಕೊನೆಗೆ ಎಲ್ಲರ ಊಟ. ಈಗ ನನ್ನ ತಟ್ಟೆ ಮಕ್ಕಳ ತಟ್ಟೆಯಷ್ಟು. ಪ್ರೋಟೀನ್ ಮೊದಲು ತಿನ್ನಬೇಕು, ದಿನಕ್ಕೆ 60 ಗ್ರಾಮಿಗೆ ಕಡಿಮೆ ಆಗಬಾರದು ಎಂದಿದ್ದಾರೆ. ಜಾಗ ಉಳಿದರೆ ಉಳಿದದ್ದು. ಊಟದ ಜೊತೆ ನೀರು ಇಲ್ಲ. ಊಟವಾಗಿ ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಬೇಕು. ಬಾಯಾರಿದಾಗ ಒಂದು ಲೋಟ ನೀರನ್ನು ಗಟಗಟ ಕುಡಿಯುವ ಸುಖ ನನ್ನ ಪಾಲಿಗೆ ಮುಗಿಯಿತು. ಕೇಕಿಗಿಂತ ಜಾಸ್ತಿ ನೆನಪಾಗುವುದು ಅದೇ.

ಮಾತ್ರೆಗಳು ಜೀವನಪೂರ್ತಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗುವ ಹಾಗಿಲ್ಲ, ಒಂದು ಇನ್ನೊಂದನ್ನು ಹೀರಿಕೊಳ್ಳಲು ಬಿಡುವುದಿಲ್ಲ. ವರ್ಷಕ್ಕೊಮ್ಮೆ ರಕ್ತಪರೀಕ್ಷೆ. ಚೆನ್ನಾಗಿದ್ದೇನೆ ಅಂತ ಇದನ್ನೆಲ್ಲ ಬಿಟ್ಟವರು ನನಗೆ ಗೊತ್ತು. ಎರಡು ಮೂರು ವರ್ಷ ಏನೂ ಆಗುವುದಿಲ್ಲ, ಆಮೇಲೆ ಕೈಕಾಲು ಜೋಮು ಹಿಡಿಯಲು ಶುರುವಾಗುತ್ತದೆ.

ಪ್ರಶ್ನೆ: ಕೂದಲು ಉದುರಿತಾ?

ಉದುರಿತು. ಮೂರನೇ ತಿಂಗಳಿನಿಂದ ಆರೇಳನೇ ತಿಂಗಳವರೆಗೆ. ಬಾಚಣಿಗೆ ನೋಡಿದರೆ ಅಳು ಬರುತ್ತಿತ್ತು. ವರ್ಷ ತುಂಬುವಷ್ಟರಲ್ಲಿ ಮತ್ತೆ ಬಂತು.

ಪ್ರಶ್ನೆ: ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ತೂಕ ಇಳಿದರೆ ಆಗಬಹುದು ಅಂತಾರೆ. ನಿಜವಾ ಅಕ್ಕಾ?

ತೂಕ ಇಳಿದಾಗ ಎಷ್ಟೋ ಹೆಣ್ಣುಮಕ್ಕಳ ಮುಟ್ಟು ಸರಿಯಾಗುತ್ತದೆ, ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. ಆದರೆ ಆಪರೇಷನ್ ಆದ ಮೊದಲ 12ರಿಂದ 18 ತಿಂಗಳು ಬಸಿರಾಗಬೇಡಿ ಎನ್ನುತ್ತಾರೆ. ನೀವೇ ಅರೆಹೊಟ್ಟೆಯಲ್ಲಿ ಇರುವ ಕಾಲ ಅದು. ಬೈಪಾಸ್ ಆದವರಿಗೆ ಗರ್ಭನಿರೋಧಕ ಮಾತ್ರೆ ಸರಿಯಾಗಿ ಹತ್ತದಿರಬಹುದು, ಬೇರೆ ವಿಧಾನ ಕೇಳಿ. ನಿಮ್ಮ ವಯಸ್ಸು ಬರೆದಿಲ್ಲ ನೀವು. ಮೂವತ್ತೈದು ದಾಟಿದ್ದರೆ ಆ ಒಂದೂವರೆ ವರ್ಷದ ಲೆಕ್ಕವನ್ನೂ ಸ್ತ್ರೀರೋಗ ತಜ್ಞರ ಮುಂದಿಟ್ಟು ಮಾತಾಡಿ.

ಪ್ರಶ್ನೆ: ನನ್ನ ಹೆಂಡತಿಗೆ ಆಪರೇಷನ್ ಆಗಿ ಎಂಟು ತಿಂಗಳು. ತೂಕ ಚೆನ್ನಾಗಿ ಇಳಿದಿದೆ. ಆದರೆ ಊಟಕ್ಕೆ ಒಟ್ಟಿಗೆ ಕೂರುವುದಿಲ್ಲ. ಕಾರಣವಿಲ್ಲದೆ ಅಳುತ್ತಾಳೆ. ನಾನೇನು ಮಾಡಲಿ?

ನೀವು ಕೇಳಿದ್ದೀರಲ್ಲ, ಅದೇ ದೊಡ್ಡದು. ನನ್ನವರು ಕೇಳಲು ಬಹಳ ದಿನ ತೆಗೆದುಕೊಂಡರು.

ಊಟ ಎಂದರೆ ಜೊತೆಯಲ್ಲಿ ಕೂರುವ ಹೊತ್ತೂ ಹೌದು. ಅವರು ಐದಾರು ತುತ್ತಿಗೆ ಮುಗಿಸುತ್ತಾರೆ. ಆಮೇಲೆ ಕೈ ಕಟ್ಟಿ ನಿಮ್ಮೆಲ್ಲರನ್ನೂ ನೋಡುತ್ತಾ ಕೂರಬೇಕು. ಒಂದು ತುತ್ತು ಜಾಸ್ತಿಯಾದರೆ, ಅಥವಾ ಸರಿಯಾಗಿ ಅಗಿಯದಿದ್ದರೆ, ಎದೆಯಲ್ಲಿ ಸಿಕ್ಕಿಹಾಕಿಕೊಂಡು ವಾಂತಿಗೆ ಓಡಬೇಕಾಗುತ್ತದೆ. ಅದನ್ನು ಎಲ್ಲರೂ ನೋಡುತ್ತಾರೆ ಎಂಬ ಹೆದರಿಕೆ ನನಗೆ ಮೊದಲ ವರ್ಷ ಪೂರ್ತಿ ಇತ್ತು. ಮೊದಲು ಬೇಸರವಾದಾಗ ತಿನ್ನುತ್ತಿದ್ದೆ. ಆಪರೇಷನ್ ಬೇಸರವನ್ನು ಕತ್ತರಿಸಲಿಲ್ಲ, ಅದಕ್ಕಿದ್ದ ಒಂದೇ ದಾರಿಯನ್ನು ಮುಚ್ಚಿತು.

ಇನ್ನು ಹೊಗಳಿಕೆ. "ಈಗ ಎಷ್ಟು ಚೆನ್ನಾಗಿ ಕಾಣ್ತೀರಿ" ಎಂದು ಪ್ರತಿಯೊಬ್ಬರೂ ಹೇಳುತ್ತಾರೆ. ಮೊದಲೆಲ್ಲ ನನ್ನ ಮುಖವನ್ನೇ ನೋಡದವರು ಈಗ ಬಾಗಿಲು ಹಿಡಿದು ನಿಲ್ಲುತ್ತಾರೆ. ಹಳೆಯ ನನಗೆ ಇವರು ಯಾಕೆ ಬಾಗಿಲು ಹಿಡಿಯಲಿಲ್ಲ? ಬಟ್ಟೆಯ ಒಳಗೆ ನೋಡಿದರೆ ಜೋತುಬಿದ್ದ ಚರ್ಮ. ಅದನ್ನು ವ್ಯಾಯಾಮ ಸರಿಮಾಡುವುದಿಲ್ಲ.

ಅವರ ತುತ್ತು ಎಣಿಸಬೇಡಿ. "ಇಷ್ಟೇನಾ?" ಎನ್ನಬೇಡಿ, "ಇಷ್ಟೊಂದಾ?" ಅಂತೂ ಬೇಡವೇ ಬೇಡ. ಊಟ ಬಿಟ್ಟು ಬೇರೆ ಯಾವುದಕ್ಕಾದರೂ ದಿನಾ ಒಟ್ಟಿಗೆ ಕೂರಿ. ನಾವು ಸಂಜೆ ನಡೆಯಲು ಹೋಗುತ್ತೇವೆ, ಮಾತೆಲ್ಲ ಅಲ್ಲೇ. ಅಳು ವಾರಗಟ್ಟಲೆ ಮುಂದುವರಿದಿದ್ದರೆ ಮನೋವೈದ್ಯರ ಹತ್ತಿರ ಹೋಗಿ, ತಡ ಮಾಡಬೇಡಿ. ಮತ್ತೊಂದು ವಿಷಯ: ಅವರು ಪದೇ ಪದೇ ವಾಂತಿ ಮಾಡಿಕೊಳ್ಳುತ್ತಿದ್ದಾರಾ? ನಡೆಯುವಾಗ ಓಲಾಡುತ್ತಾರಾ, ಎರಡೆರಡಾಗಿ ಕಾಣುತ್ತದೆ ಅಂತಾರಾ, ಮಾತಿನಲ್ಲಿ ಗೊಂದಲ ಇದೆಯಾ? ಹಾಗಿದ್ದರೆ ಅದು ಥಯಮಿನ್, ಅಂದರೆ ಬಿ1 ಕೊರತೆ ಇರಬಹುದು. ಮಿದುಳಿಗೆ ಪೆಟ್ಟು ಬೀಳುತ್ತದೆ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಈಗ ವಾರಕ್ಕೊಂದು ಇಂಜೆಕ್ಷನ್ ಬಂದಿದೆಯಲ್ಲ, ಕತ್ತರಿ ಯಾಕೆ?

ಒಳ್ಳೆಯ ಪ್ರಶ್ನೆ. ಅಂಥ ಒಂದು ಇಂಜೆಕ್ಷನ್ ಸೆಮಾಗ್ಲುಟೈಡ್ ಬಗ್ಗೆ 2021ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಸರಾಸರಿ ಶೇಕಡ 15ರಷ್ಟು ತೂಕ ಇಳಿದಿತ್ತು. ಟಿರ್ಜೆಪಟೈಡ್ ಎಂಬ ಇನ್ನೊಂದು ಇಂಜೆಕ್ಷನ್ ಇನ್ನೂ ಮುಂದೆ ಹೋಗಿ ಶೇಕಡ 20ರ ಹತ್ತಿರ ತಲುಪಿದೆ. ನಿಲ್ಲಿಸಿದರೆ ಬಹುಪಾಲು ತೂಕ ವಾಪಸ್ ಬರುತ್ತದೆ, ಆದ್ದರಿಂದ ಅದೂ ವರ್ಷಗಟ್ಟಲೆಯ ಸಂಬಂಧವೇ. ನನ್ನ ಸರದಿ ಬಂದಾಗ ಇದು ಈಗಿನಷ್ಟು ಸುಲಭಕ್ಕೆ ಸಿಗುತ್ತಿರಲಿಲ್ಲ. ಸಿಕ್ಕಿದ್ದರೆ ಮೊದಲು ಅದನ್ನೇ ನೋಡುತ್ತಿದ್ದೆನೋ ಏನೋ. ಆ ಇಂಜೆಕ್ಷನ್ ತೆಗೆದುಕೊಳ್ಳುವ ಗೆಳತಿಯೊಬ್ಬಳು ತಲೆಯೊಳಗಿನ ಊಟದ ಗದ್ದಲ ನಿಂತಿದೆ ಅಂದಳು. ಕೇಳಿ ನನಗೆ ನಗು ಬಂತು, ನನ್ನ ಕೇಕಿನ ಕಥೆಯೇ ಅದು.

ಪ್ರಶ್ನೆ: ತೂಕ ಮತ್ತೆ ಬರುತ್ತದಂತೆ, ಹೌದಾ? ನಿಮ್ಮದು ಈಗ ಎಷ್ಟು?

82. ಒಂದೂವರೆ ವರ್ಷದ ಹೊತ್ತಿಗೆ 77ಕ್ಕೆ ಇಳಿದಿತ್ತು, ಆಮೇಲೆ ಐದು ಕಿಲೋ ಏರಿತು. ಹಸಿವು ಮೊದಲಿನಷ್ಟು ಮಂಕಾಗಿ ಉಳಿಯುವುದಿಲ್ಲ, ನಿಧಾನವಾಗಿ ಮರಳುತ್ತದೆ. ಸಿಹಿ ಪಾನೀಯ, ಬಾಯಲ್ಲೇ ಕರಗುವ ತಿಂಡಿಗೆ ಚಿಕ್ಕ ಜಠರವೂ ಅಡ್ಡ ಬರುವುದಿಲ್ಲ. ಬಿಎಂಐ ಪಟ್ಟಿ ನೋಡಿದರೆ ನಾನು ಇವತ್ತಿಗೂ ದಪ್ಪಗಿನವಳೇ. ಆದರೆ ರಾತ್ರಿ ಮುಖಕ್ಕೆ ಕಟ್ಟಿಕೊಳ್ಳುತ್ತಿದ್ದ ಉಸಿರಾಟದ ಮೆಷಿನ್ ಬೇಡವಾಗಿದೆ, ಬಿಪಿ ಮಾತ್ರೆ ಅರ್ಧಕ್ಕೆ ಇಳಿದಿದೆ, ಮೂರನೇ ಮಹಡಿಯ ಆಫೀಸಿಗೆ ಮೆಟ್ಟಿಲು ಹತ್ತುತ್ತೇನೆ.

ಪ್ರಶ್ನೆ: ಮುಂದಿನ ವಾರ ಸರ್ಜನ್ ಭೇಟಿ. ಏನೇನು ಕೇಳಲಿ?

ನನಗೆ ಸ್ಲೀವ್ ಯಾಕೆ, ಬೈಪಾಸ್ ಯಾಕೆ ಅಲ್ಲ ಎಂದು ಕೇಳಿ. ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ಜಠರ ನೋಡುವ ಪರೀಕ್ಷೆ, ಮಾಡುತ್ತೀರಾ ಅಂತ ಕೇಳಿ. ಸೋರಿಕೆಯಾದರೆ ರಾತ್ರಿ ಎರಡು ಗಂಟೆಗೆ ಯಾರ ಫೋನಿಗೆ ಕರೆ ಮಾಡಬೇಕು, ಯಾರು ಎತ್ತುತ್ತಾರೆ? ತೂಕ ಬೇಗ ಇಳಿದಾಗ ಪಿತ್ತಕೋಶದಲ್ಲಿ ಕಲ್ಲಾಗುವುದುಂಟು, ಅದಕ್ಕೆ ಮಾತ್ರೆ ಕೊಡುತ್ತೀರಾ? ನೋವಿನ ಮಾತ್ರೆಗಳಲ್ಲಿ ಯಾವುದನ್ನು ಇನ್ನು ಮುಟ್ಟಬಾರದು? ಐದನೇ ವರ್ಷ ನನ್ನ ರಕ್ತಪರೀಕ್ಷೆ ನೋಡುವವರು ಯಾರು? ಸಿಗರೇಟು ಇದ್ದರೆ ಅದನ್ನು ಮುಚ್ಚಿಡದೆ ಹೇಳಿ. ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಜೊತೆಗೆ ಮನೆಯವರೊಬ್ಬರನ್ನು ಕರೆದುಕೊಂಡು ಹೋಗಿ. ಪ್ರಶ್ನೆ ಕೇಳಿದ್ದಕ್ಕೆ ಸರ್ಜನ್ ಗಡಿಯಾರ ನೋಡಿದರೆ, ಬೇರೆ ಸರ್ಜನ್ ಹುಡುಕಿ.