38ನೆಯ ವಯಸ್ಸಿನಲ್ಲಿ ಮೊದಲ ಬಸಿರು: ಸಿಸೇರಿಯನ್ ಆಗಲೇಬೇಕೇ?

ನಿಮಗೆ 38 ವರ್ಷ, ಮೊದಲ ಬಸಿರು, ಈಗ ಒಂಬತ್ತನೆಯ ವಾರ. ಇರುವುದು ಸೇಡಂನಲ್ಲಿ, ತವರು ಬೀದರ್ ಕಡೆ. ಈ ವಯಸ್ಸಿಗೆ ಮಗುವಿಗೆ ತೊಂದರೆಯಾಗುತ್ತದೆಯೇ, ಸಿಸೇರಿಯನ್ ಆಗಲೇಬೇಕೇ ಎಂದು ಕೇಳಿದ್ದೀರಿ. ಕಲಬುರಗಿಯ ಹೆರಿಗೆ ವಾರ್ಡಿನಲ್ಲಿ ಬಹುಕಾಲ ಶುಶ್ರೂಷಕಿಯಾಗಿದ್ದವಳಾಗಿ ಹೇಳುತ್ತಿದ್ದೇನೆ; ನಿಮ್ಮನ್ನು ಪರೀಕ್ಷಿಸಿದ ವೈದ್ಯರ ಮಾತೇ ಅಂತಿಮ.

ಹೆಣ್ಣಿನ ಅಂಡಾಣುಗಳು ಆಕೆ ಹುಟ್ಟುವಾಗಲೇ ಅಂಡಾಶಯದಲ್ಲಿರುತ್ತವೆ. ವಯಸ್ಸು ಏರಿದಂತೆ ಅವುಗಳಲ್ಲಿ ವರ್ಣತಂತುಗಳ ಹಂಚಿಕೆ ತಪ್ಪುವ ಸಂಭವ ಹೆಚ್ಚುವುದರಿಂದ ಗರ್ಭಪಾತವೂ, ಮಗುವಿನ ಬುದ್ಧಿ-ಬೆಳವಣಿಗೆ ಹುಟ್ಟಿನಿಂದಲೇ ನಿಧಾನವಾಗುವ ಡೌನ್ ಸಿಂಡ್ರೋಮೂ ಹೆಚ್ಚು ಕಂಡುಬರುತ್ತವೆ. ಡೌನ್ ಸಿಂಡ್ರೋಮ್ 25ರ ತಾಯಂದಿರಲ್ಲಿ ಸುಮಾರು 1,250 ಹೆರಿಗೆಗೆ ಒಂದಾದರೆ, 35ರಲ್ಲಿ 350ಕ್ಕೆ ಒಂದು, 40ರಲ್ಲಿ 100ಕ್ಕೆ ಒಂದು. ನೂರಕ್ಕೆ ಒಂದೆಂದರೂ ಉಳಿದ 99 ಮಕ್ಕಳಿಗೆ ಆ ತೊಂದರೆಯಿಲ್ಲ ಎಂಬುದನ್ನು ಮನೆಯ ಹಿರಿಯರಿಗೂ ತಿಳಿಸಿ. ಮಗುವಿನ ಕತ್ತಿನ ಹಿಂಭಾಗದ ದ್ರವದ ದಪ್ಪ ಅಳೆದು ಇದರ ಅಂದಾಜು ನೀಡುವ ಎನ್‌ಟಿ ಸ್ಕ್ಯಾನ್‌ಅನ್ನು 11 ವಾರ ತುಂಬಿದ ಮೇಲೆ, 14 ತುಂಬುವುದರೊಳಗೆ ಮಾಡಿಸಬೇಕು. ಆ ಅವಧಿ ಮೀರಿದರೆ ಆ ಸ್ಕ್ಯಾನ್ ಉಪಯೋಗಕ್ಕೆ ಬರುವುದಿಲ್ಲ.

ಸಿಸೇರಿಯನ್ ಪ್ರಮಾಣ 35 ದಾಟಿದವರಲ್ಲಿ ಹೆಚ್ಚೆಂಬುದು ನಿಜ. ಆದರೆ ಮಗುವಿನ ತಲೆ ಕೆಳಗಿದ್ದು, ಬಿಪಿ, ಶುಗರ್ ಹತೋಟಿಯಲ್ಲಿದ್ದರೆ ವಯಸ್ಸೊಂದನ್ನೇ ನೋಡಿ ಹೊಟ್ಟೆ ಕೊಯ್ಯಬೇಕಾಗಿಲ್ಲ.

ನನಗೆ ಹೆಚ್ಚು ಆತಂಕವಿರುವುದು ನಿಮ್ಮ ತವರಿನ ಪಯಣದ ಬಗ್ಗೆ. ನಮ್ಮ ಕಡೆ ಏಳನೆಯ ತಿಂಗಳಲ್ಲಿ ಕುಬುಸ (ಸೀಮಂತ) ಮಾಡಿ ಮಗಳನ್ನು ಕರೆದೊಯ್ಯುತ್ತಾರೆ. ಬಸುರಿನ ತಪಾಸಣೆಗಳನ್ನು ಬರೆದಿಡುವ ತಾಯಿ ಕಾರ್ಡ್ ಗಂಡನ ಮನೆಯ ಟ್ರಂಕಿನಲ್ಲಿ ಸೀರೆಗಳ ಕೆಳಗೇ ಉಳಿಯುತ್ತದೆ, ತವರಿನ ದವಾಖಾನೆಗೆ ಆಕೆ ಹೊಸಬಳು, ಮುಖ ಊದಿಕೊಂಡರೆ ‘ಬಸುರಿಗೆ ಇದ್ದದ್ದೇ’ ಎನ್ನುತ್ತಾರೆ. ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ ತರಬಲ್ಲ ಬಸುರಿನ ಬಿಪಿ ಹೆಚ್ಚಾಗಿ ತಲೆಯೆತ್ತುವುದು ಈ ಕೊನೆಯ ತಿಂಗಳುಗಳಲ್ಲಿಯೇ. ಮೊದಲ ಬಸಿರು ಮತ್ತು 35 ಮೀರಿದ ವಯಸ್ಸು ಎರಡೂ ಸೇರಿರುವುದರಿಂದ, ಈ ಬಿಪಿ ತಡೆಯಲು ಕಡಿಮೆ ಪ್ರಮಾಣದ ಆಸ್ಪಿರಿನ್ ಬೇಕೇ ಎಂದು 12ನೆಯ ವಾರದ ಹೊತ್ತಿಗೆ ವೈದ್ಯರನ್ನು ಕೇಳಿ, ನೀವಾಗಿಯೇ ನುಂಗಬೇಡಿ.

ಸಕ್ಕರೆ ಪರೀಕ್ಷೆ ಈಗೊಮ್ಮೆ, 24ರಿಂದ 28ನೆಯ ವಾರದ ನಡುವೆ ಇನ್ನೊಮ್ಮೆ ಆಗಲಿ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗಿದ್ದರೆ ವಯಸ್ಸಿಗಿಂತ ಮೊದಲು ಅದನ್ನು ನೋಡಬೇಕು. ಕಬ್ಬಿಣದ ಗುಳಿಗೆಯನ್ನು ಚಹಾದ ಜೊತೆ ತೆಗೆದುಕೊಂಡರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ, ನಿಂಬೆಹಣ್ಣಿನ ಶರಬತ್ತಿನ ಜೊತೆಯಾದರೆ ಒಳ್ಳೆಯದು; ಮಲ ಕಪ್ಪಾದರೆ ಗಾಬರಿ ಬೇಡ.

ತವರಿಗೆ ಹೋಗುವುದೇ ಆದರೆ ಕಾರ್ಡನ್ನೂ ಸ್ಕ್ಯಾನ್ ವರದಿಗಳನ್ನೂ ಒಯ್ದು, ಹೋದ ವಾರದಲ್ಲೇ ಆಪರೇಷನ್ ಮತ್ತು ರಕ್ತದ ವ್ಯವಸ್ಥೆಯಿರುವ ಆಸ್ಪತ್ರೆಯಲ್ಲಿ ಹೆಸರು ಬರೆಸಿ. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ರಕ್ತ ಹೋಗುವುದು, ಮಗುವಿನ ಚಲನೆ ಕಡಿಮೆಯಾಗುವುದು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ.