ಕಪ್ಪು ಕನ್ನಡಿಯಲ್ಲಿ ಕಂಡ ಮುಖ: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ ಓದುಗರೊಬ್ಬರು ದೀರ್ಘವಾದ ಪತ್ರ ಬರೆದಿದ್ದಾರೆ. ತಾಯಿ ತೀರಿಕೊಂಡ ಮೇಲೆ ಅವರು ಕನ್ನಡಿಯ ಸಾಧನೆಯನ್ನು ಕಲಿಸುವ ಮಾರ್ಗದರ್ಶಕಿಯೊಬ್ಬರ ಬಳಿ ಹೋದರು. ಹಿಂಬದಿಗೆ ಕಪ್ಪು ಬಣ್ಣ ಬಳಿದ ಗಾಜನ್ನು ಎದುರಿಗಿಟ್ಟುಕೊಂಡು, ಬೆನ್ನ ಹಿಂದೆ ಒಂದು ಮೇಣದಬತ್ತಿ ಹಚ್ಚಿ, ಮೊದಲು ತಾಯಿಯ ಭಾವಚಿತ್ರವನ್ನು ಬಹಳ ಹೊತ್ತು ನೋಡಿ, ಆಮೇಲೆ ರೆಪ್ಪೆ ಬಡಿಯದೆ ಕನ್ನಡಿಯನ್ನೇ ದಿಟ್ಟಿಸಬೇಕೆಂದು ಅವರಿಗೆ ಹೇಳಿಕೊಡಲಾಗಿತ್ತು. ಒಂದು ರಾತ್ರಿ ಅವರ ಮುಖ ಕರಗಿ ಗುರುತಿಲ್ಲದ ಮುದುಕಿಯೊಬ್ಬಳ ಮುಖವಾಯಿತು. ಅದರ ಹಿಂದೆಯೇ ಕ್ಷಣಕಾಲ ತಾಯಿಯ ಮುಖವೂ ಕಂಡಿತು. ವಿಷಯ ತಿಳಿದ ಮಾರ್ಗದರ್ಶಕಿ, ಕನ್ನಡಿಯಲ್ಲಿ ಬಾಗಿಲೊಂದು ತೆರೆದಿದೆ, ತಾಯಿಯ ಜೊತೆ ಬೇರೊಂದು ಶಕ್ತಿಯೂ ಒಳಬಂದಿದೆ, ಅದನ್ನು ಮುಚ್ಚಿಸುವ ವಿಧಿಗೆ ಹಣ ಕೊಡಬೇಕು ಎಂದಿದ್ದಾರೆ. ತಾನು ಕಂಡದ್ದು ನಿಜವೇ, ಕನ್ನಡಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪಾಯವೇ, ವಿಧಿಯನ್ನು ಮಾಡಿಸಬೇಕೇ ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ನೀವು ಕಂಡಿರಿ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ನೀವು ಸುಳ್ಳು ಹೇಳುತ್ತಿಲ್ಲ, ನಿಮ್ಮ ಬುದ್ಧಿ ಕೆಟ್ಟಿಲ್ಲ. ನಿಮ್ಮ ಹಾಗೆಯೇ ಕೂತ ಬಹುಮಂದಿಗೆ ನಿಮ್ಮ ಹಾಗೆಯೇ ಕಾಣುತ್ತದೆ. ನಿಮ್ಮ ಕಳವಳ ಕನ್ನಡಿಯದು. ನಮ್ಮ ಕಳವಳವಾದರೋ ನೀವು ಕಂಡದ್ದಕ್ಕೆ ಅರ್ಥ ಹೇಳುವ ಹಕ್ಕನ್ನು ನೀವು ಯಾರ ಕೈಗೆ ಕೊಟ್ಟಿದ್ದೀರಿ ಎಂಬುದರ ಬಗ್ಗೆ. ಈ ಉತ್ತರ ಉದ್ದವಾಗಲು ಕಾರಣವೂ ಅದೇ.

ಮೊದಲು ಕನ್ನಡಿಯ ವಿಚಾರ. ಮುಖ ನೋಡಿಕೊಳ್ಳುವ ಸಾಮಾನ್ಯ ಕನ್ನಡಿ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹಿಂದಿರುಗಿಸುತ್ತದೆ. ಹಿಂಬದಿಗೆ ಕಪ್ಪು ಬಳಿದ ಗಾಜಿನಲ್ಲಿ ಆ ಕೆಲಸ ಮಾಡುವುದು ಮುಂಭಾಗದ ನುಣುಪು ಮೈ ಒಂದೇ. ನೇರವಾಗಿ ನೋಡಿದಾಗ ಅದು ಹಿಂದಿರುಗಿಸುವುದು ಸುಮಾರು ಶೇ. 4ರಷ್ಟು ಬೆಳಕನ್ನು ಮಾತ್ರ. ದೀಪ ಬೆನ್ನ ಹಿಂದಿರುವುದರಿಂದ ನಿಮ್ಮ ಮುಖ ಮೊದಲೇ ನೆರಳಿನಲ್ಲಿದೆ. ಆ ನೆರಳಿನ ಅಲ್ಪಾಂಶವಷ್ಟೇ ಗಾಜಿನಿಂದ ಮರಳಿ ನಿಮ್ಮ ಕಣ್ಣನ್ನು ತಲುಪುತ್ತದೆ. ಇನ್ನು ಕಣ್ಣಿನ ಒಳಗೆ, ಮಂದ ಬೆಳಕನ್ನು ಗ್ರಹಿಸುವ ಕೋಶಗಳು ಅಕ್ಷಿಪಟಲದ ನಡುಬಿಂದುವಿನಲ್ಲಿ ಇರುವುದೇ ಇಲ್ಲ, ಅದರ ಸುತ್ತ ಇರುತ್ತವೆ. ಕತ್ತಲಲ್ಲಿ ಮಸುಕಾದ ನಕ್ಷತ್ರವನ್ನು ನೆಟ್ಟ ನೋಟದಿಂದ ನೋಡಿದರೆ ಅದು ಮಾಯವಾಗಿ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಮತ್ತೆ ಕಾಣಿಸುವುದು ಇದೇ ಕಾರಣಕ್ಕೆ. ಇದರ ಮೇಲೆ, ಅಲುಗದೆ ಒಂದೇ ಕಡೆ ದಿಟ್ಟಿಸಿದಾಗ ನೋಟದ ಅಂಚಿನಲ್ಲಿರುವ ವಸ್ತುಗಳು ತಾವಾಗಿ ಮಸುಕಾಗಿ ಅಳಿಸಿಹೋಗುತ್ತವೆ ಎಂಬುದನ್ನು ಸ್ವಿಟ್ಜರ್ಲೆಂಡಿನ ವೈದ್ಯ ಟ್ರಾಕ್ಸ್ಲರ್ 1804ರಲ್ಲಿಯೇ ಬರೆದಿಟ್ಟಿದ್ದಾನೆ. ರೆಪ್ಪೆ ಬಡಿಯಬಾರದು, ದೀಪ ಹಿಂದೆ ಇರಬೇಕು, ಗಾಜು ಕಪ್ಪಾಗಿರಬೇಕು ಎಂಬ ನಿಯಮಗಳನ್ನು ಮಾಡಿದವರು ಈ ಕಾರಣಗಳನ್ನು ಬಲ್ಲವರಾಗಿರಬೇಕಿಲ್ಲ. ಆದರೂ ಹೀಗೆ ಮಾಡಿದರೆ ಕಾಣುತ್ತದೆ ಎಂಬುದನ್ನು ತಲೆಮಾರುಗಳ ಅನುಭವದಿಂದ ಅವರು ಕಂಡುಕೊಂಡಿದ್ದರು, ಮತ್ತು ಆ ಮಟ್ಟಿಗೆ ಅವರದು ನಿಷ್ಕೃಷ್ಟವಾದ ಕೌಶಲವೇ.

ಇಟಲಿಯ ಉರ್ಬಿನೋ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜೊವಾನ್ನಿ ಕಪುಟೋ 2010ರಲ್ಲಿ ಪ್ರಕಟಿಸಿದ ಪ್ರಯೋಗವು ನಿಮ್ಮ ರಾತ್ರಿಯ ಕಥೆಗೆ ಎಷ್ಟು ಹತ್ತಿರವಾಗಿದೆಯೆಂದರೆ ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 50 ಜನರನ್ನು ಒಬ್ಬೊಬ್ಬರಾಗಿ ಮಬ್ಬುಗತ್ತಲ ಕೋಣೆಯಲ್ಲಿ, ಸುಮಾರು 40 ಸೆಂಟಿಮೀಟರ್ ದೂರದಲ್ಲಿಟ್ಟ ಕನ್ನಡಿಯ ಎದುರಿಗೆ ಕೂರಿಸಿ, ಅವರ ಬೆನ್ನ ಹಿಂದೆ 25 ವ್ಯಾಟಿನ ಒಂದು ದೀಪವನ್ನಷ್ಟೇ ಉರಿಸಿ, 10 ನಿಮಿಷ ತಮ್ಮ ಮುಖವನ್ನು ತಾವೇ ನೋಡಿಕೊಳ್ಳುವಂತೆ ಹೇಳಲಾಯಿತು. ಕಪ್ಪು ಗಾಜಿಲ್ಲ, ಮಂತ್ರವಿಲ್ಲ, ಧೂಪವಿಲ್ಲ. ಒಂದು ನಿಮಿಷ ತುಂಬುವುದರೊಳಗೆ ಮುಖಗಳು ಬದಲಾಗತೊಡಗಿದವು. ಶೇ. 66 ಮಂದಿ ತಮ್ಮ ಮುಖ ಭಾರಿಯಾಗಿ ವಿಕಾರಗೊಂಡದ್ದನ್ನು ಕಂಡರು, ಶೇ. 28 ಮಂದಿಗೆ ಅಪರಿಚಿತರ ಮುಖ ಕಂಡಿತು. ಮುದುಕಿ, ಮಗು, ಪೂರ್ವಜರಂಥ ಮುಖಗಳನ್ನು ಕಂಡವರೂ ಅಷ್ಟೇ ಮಂದಿ. ಶೇ. 18 ಮಂದಿಗೆ ತಂದೆ ಅಥವಾ ತಾಯಿಯ ಮುಖ ಕಂಡಿತು, ಅವರಲ್ಲಿ ಕೆಲವರ ಹೆತ್ತವರು ತೀರಿಕೊಂಡಿದ್ದರು. ಅರ್ಧದಷ್ಟು ಮಂದಿಗೆ ಭಯಂಕರವಾದ ಅಥವಾ ಅದ್ಭುತವಾದ ಜೀವಿಗಳೇ ಕಂಡವು. ಮುದುಕಿ ಮತ್ತು ತಾಯಿ ಎರಡೂ ಈ ಪಟ್ಟಿಯಲ್ಲಿರುವುದನ್ನು ನೀವು ಗಮನಿಸಿರಬೇಕು. ನಿಮ್ಮ ಮಾರ್ಗದರ್ಶಕಿ ಹೇಳುವಂತೆ ಮುದುಕಿಯು ಹಿಂಬಾಲಿಸಿ ಬಂದ ಶಕ್ತಿಯಾದರೆ, ಆ ಪ್ರಯೋಗಶಾಲೆಯಲ್ಲಿಯೂ ಅಂಥ ಹಲವು ಶಕ್ತಿಗಳು ಸರದಿಯಲ್ಲಿ ಕಾದು ನಿಂತಿದ್ದವು ಎನ್ನಬೇಕಾಗುತ್ತದೆ.

ಇಷ್ಟು ಹೇಳಿ, ಎಲ್ಲವೂ ಕಣ್ಣಿನ ಆಟ, ಹೋಗಿ ಮಲಗಿಕೊಳ್ಳಿ ಎಂದು ಮುಗಿಸುವವರಿದ್ದಾರೆ. ನಾವು ಹಾಗೆ ಮುಗಿಸಲಾರೆವು. ಮುಖ ಕರಗುವುದು ಕಣ್ಣಿನ ಕೆಲಸವಿರಬಹುದು. ಆದರೆ ಕರಗಿದ ಮುಖ ತುಂಬಿಕೊಳ್ಳುವುದು ನಿಮ್ಮೊಳಗಿನಿಂದಲೇ, ಮತ್ತು ನಿಮ್ಮೊಳಗೆ ಈಗ ತುಂಬಿರುವವರು ತಾಯಿ. ಅಮೆರಿಕದ ವೈದ್ಯ ರೇಮಂಡ್ ಮೂಡಿ 1990ರ ದಶಕದ ಆರಂಭದಲ್ಲಿ, ಅಗಲಿದವರನ್ನು ಕಾಣಲೆಂದೇ ಕಪ್ಪು ಪರದೆ ಹಾಕಿದ, ಮಂದ ಬೆಳಕಿನ ಕನ್ನಡಿಯ ಕೋಣೆಯೊಂದನ್ನು ಕಟ್ಟಿದರು. ಅಲ್ಲಿ ಕನ್ನಡಿಯಲ್ಲಿ ಕೂತವರ ಪ್ರತಿಬಿಂಬವೇ ಬೀಳುತ್ತಿರಲಿಲ್ಲ, ಬರೀ ಕತ್ತಲು ಕಾಣುತ್ತಿತ್ತು. ಆದರೆ ಕೂರುವ ಮೊದಲು ಅಗಲಿದವರ ವಸ್ತುಗಳನ್ನೂ ಚಿತ್ರಗಳನ್ನೂ ಇಟ್ಟುಕೊಂಡು ಗಂಟೆಗಟ್ಟಲೆ ಅವರ ಬಗ್ಗೆ ಮಾತನಾಡಿಸಲಾಗುತ್ತಿತ್ತು. ನಿಮಗೆ ತಾಯಿಯ ಚಿತ್ರವನ್ನು ತೋರಿಸಿದ್ದೂ ಇದೇ ತಯಾರಿ. ಇನ್ನು ಕನ್ನಡಿಯ ಹಂಗಿಲ್ಲದೆಯೂ ಇದು ನಡೆಯುತ್ತದೆ: ವೇಲ್ಸಿನ ವೈದ್ಯ ಡೀವಿ ರೀಸ್ 1971ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ, ಸಂಗಾತಿಯನ್ನು ಕಳೆದುಕೊಂಡ 293 ಜನರನ್ನು ಮಾತನಾಡಿಸಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಅಗಲಿದವರು ಒಂದಲ್ಲ ಒಂದು ಬಗೆಯಲ್ಲಿ ಅನುಭವಕ್ಕೆ ಬಂದಿದ್ದಾರೆ ಎಂದರು, ಶೇ. 14 ಮಂದಿ ಅವರನ್ನು ಕಣ್ಣಾರೆ ಕಂಡಿದ್ದರು. ಹಲವರು ಅದುವರೆಗೆ ಅದನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಬಹಳ ಮಂದಿಗೆ ಅದು ಸಮಾಧಾನ ತಂದಿತ್ತು. ನಿಮ್ಮ ಪತ್ರದಲ್ಲಿ ತಾಯಿಯ ಮುಖ ಕಂಡ ಕ್ಷಣದ ಬಗ್ಗೆ ಎರಡು ಸಾಲಿದೆ, ಆ ಸಾಲುಗಳಲ್ಲಿ ಭಯವಿಲ್ಲ. ಭಯ ಶುರುವಾಗುವುದು ಮಾರ್ಗದರ್ಶಕಿಯ ಮಾತು ಬಂದ ಮೇಲೆ.

ಈ ಹಂತದಲ್ಲಿ ಸ್ವಲ್ಪ ಇತಿಹಾಸ ಬೇಕು. ಕ್ರಿ.ಶ. 2ನೆಯ ಶತಮಾನದ ಗ್ರೀಕ್ ಪ್ರವಾಸಿ ಪೌಸಾನಿಯಸ್, ಪತ್ರಾಸ್ ಪಟ್ಟಣದ ಡಿಮೀಟರ್ ದೇವತೆಯ ಗುಡಿಯ ಎದುರಿಗಿದ್ದ ಬುಗ್ಗೆಯೊಂದನ್ನು ವರ್ಣಿಸುತ್ತಾನೆ. ಅಲ್ಲಿ ಕನ್ನಡಿಯನ್ನು ಸಣ್ಣ ದಾರಕ್ಕೆ ಕಟ್ಟಿ, ಅದು ಮುಳುಗದೆ ಅಂಚಷ್ಟೇ ನೀರಿಗೆ ತಾಕುವಂತೆ ಇಳಿಬಿಡುತ್ತಿದ್ದರು. ಪ್ರಾರ್ಥಿಸಿ ಧೂಪ ಹಾಕಿದ ಮೇಲೆ ಅದರಲ್ಲಿ ನೋಡಿದರೆ ರೋಗಿ ಬದುಕಿರುವಂತೆಯೋ ಸತ್ತಿರುವಂತೆಯೋ ಕಾಣುತ್ತಿದ್ದನು. ಕಾಯಿಲೆಯವರ ವಿಷಯಕ್ಕೆ ಹೊರತಾಗಿ ಆ ಬುಗ್ಗೆಯನ್ನು ಬೇರೆ ಯಾವುದಕ್ಕೂ ಕೇಳುವಂತಿರಲಿಲ್ಲ. ಈ ಕೊನೆಯ ಕಟ್ಟುಪಾಡು ನಮಗೆ ಬಹಳ ಹಿಡಿಸಿತು: ಪ್ರಶ್ನೆಗೆ ಒಂದು ಎಲ್ಲೆಯಿತ್ತು, ಉತ್ತರ ಮುಗಿದಲ್ಲಿ ವ್ಯವಹಾರವೂ ಮುಗಿಯುತ್ತಿತ್ತು. ಮಧ್ಯಯುಗದ ಯೂರೋಪಿನಲ್ಲಿ ಆ ಎಲ್ಲೆ ಅಳಿಸಿಹೋಯಿತು. ಉಂಗುರ, ಕನ್ನಡಿ, ಸೀಸೆಗಳಲ್ಲಿ ಭೂತಗಳನ್ನು ಕೂಡಿಹಾಕಿ ಅವುಗಳಿಂದ ಉತ್ತರ ಪಡೆಯುವವರ ಮೇಲೆ 1326ರಲ್ಲಿ ಪೋಪ್ 22ನೆಯ ಜಾನ್ ಕಟುವಾದ ಆಜ್ಞೆ ಹೊರಡಿಸಿದನು. 1398ರಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯದ ದೇವಶಾಸ್ತ್ರ ವಿಭಾಗವೂ ಇಂಥ ವಿದ್ಯೆಗಳನ್ನು ಖಂಡಿಸಿತು. ಕನ್ನಡಿಯಲ್ಲಿ ಏನೋ ಸಿಕ್ಕಿಹಾಕಿಕೊಂಡಿರುತ್ತದೆ ಎಂಬ ನಿಮ್ಮ ಮಾರ್ಗದರ್ಶಕಿಯ ಮಾತಿನ ವಂಶಾವಳಿ ಬಹುಮಟ್ಟಿಗೆ ಇಲ್ಲಿಂದ ಬಂದದ್ದು, ಪುರಾತನ ಗ್ರೀಕರಿಂದಲ್ಲ.

ಆದರೆ ನಿಮಗೆ ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಜಾನ್ ಡೀಯ ಕಥೆಯನ್ನು. ಒಂದನೆಯ ಎಲಿಜಬೆತ್ ರಾಣಿಯ ಕಾಲದ ಈ ಗಣಿತಜ್ಞನದೆಂದು ಹೇಳಲಾಗುವ ಕಪ್ಪು ಕನ್ನಡಿಯೊಂದು 1966ರಿಂದ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದು ಮನುಷ್ಯರು ಮಾಡಿದ ಗಾಜಲ್ಲ, ಜ್ವಾಲಾಮುಖಿಯಿಂದ ಹುಟ್ಟುವ ಅಬ್ಸಿಡಿಯನ್ ಎಂಬ ಗಾಜಿನಂಥ ಕಲ್ಲು. 2021ರಲ್ಲಿ ಪ್ರಕಟವಾದ ಎಕ್ಸ್-ರೇ ವಿಶ್ಲೇಷಣೆಯಿಂದ ಆ ಕಲ್ಲು ಮೆಕ್ಸಿಕೋದ ಪಚುಕಾದ್ದೆಂದು ಗೊತ್ತಾಯಿತು. ಅಸ್ಟೆಕ್ ಜನರಿಗೆ ಇಂಥ ಕನ್ನಡಿಗಳು ತೆಜ್ಕಾಟ್ಲಿಪೋಕ ಎಂಬ ದೇವರಿಗೆ ಸಂಬಂಧಿಸಿದವು. ಆ ದೇವರ ಹೆಸರಿಗೇ ಹೊಗೆಯಾಡುವ ಕನ್ನಡಿ ಎಂದು ಅರ್ಥ. ಇರಲಿ. ಡೀಯ ದಿನಚರಿಗಳಲ್ಲಿ ಬರುವುದು ಹೆಚ್ಚಾಗಿ ಹೊಳೆಯುವ ಸ್ಫಟಿಕ. ಅದರಲ್ಲಿ ಡೀಗೆ ತಾನಾಗಿ ಏನೂ ಕಾಣುತ್ತಿರಲಿಲ್ಲವೆಂದೇ ಹೇಳಬೇಕು. ಡೀಯ ಪರವಾಗಿ ಅದರಲ್ಲಿ ದೇವದೂತರನ್ನು ನೋಡುತ್ತಿದ್ದವನು ಅವನ ಜೊತೆಗಾರ ಎಡ್ವರ್ಡ್ ಕೆಲ್ಲಿ. ಕೆಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಹೇಳುತ್ತಿದ್ದನು, ಡೀ ಭಕ್ತಿಯಿಂದ ಬರೆದುಕೊಳ್ಳುತ್ತಿದ್ದನು. 1587ರಲ್ಲಿ ಬೊಹೀಮಿಯಾದ ಟ್ರೆಬೋನ್ ಪಟ್ಟಣದಲ್ಲಿ ಇಬ್ಬರೂ ಕುಟುಂಬಸಮೇತ ಇದ್ದಾಗ, ಇಬ್ಬರೂ ತಮ್ಮ ಹೆಂಡಂದಿರನ್ನು ಹಂಚಿಕೊಳ್ಳಬೇಕೆಂದು ದೇವದೂತರ ಅಪ್ಪಣೆಯಾಗಿದೆ ಎಂದು ಕೆಲ್ಲಿ ಹೇಳಿದನು. ಡೀ ಕುಸಿದುಹೋದನು, ಅವನ ಹೆಂಡತಿ ಜೇನ್ ಅತ್ತಳು. ಆದರೂ ಕೊನೆಗೆ ಅವರು ಒಪ್ಪಿ ಒಪ್ಪಂದಕ್ಕೆ ಸಹಿ ಹಾಕಿದರು. ಯೂರೋಪಿನ ದೊಡ್ಡ ಗ್ರಂಥಭಂಡಾರಗಳಲ್ಲಿ ಒಂದನ್ನು ಕಟ್ಟಿದ, ಯೂಕ್ಲಿಡನ ಇಂಗ್ಲಿಷ್ ಅನುವಾದಕ್ಕೆ ಮುನ್ನುಡಿ ಬರೆದ ಮನುಷ್ಯ ಈ ಸ್ಥಿತಿಗೆ ಬಂದದ್ದು ಬುದ್ಧಿಯ ಕೊರತೆಯಿಂದ ಅಲ್ಲ. ತನಗೆ ಕಾಣದ್ದನ್ನು ಕಾಣುವ ಒಬ್ಬನಿದ್ದಾನೆ, ಅವನ ಮಾತನ್ನು ಪರೀಕ್ಷಿಸುವ ದಾರಿ ತನಗಿಲ್ಲ ಎಂಬ ಏರ್ಪಾಡನ್ನು ವರ್ಷಗಳ ಕಾಲ ಒಪ್ಪಿಕೊಂಡದ್ದರಿಂದ.

ನಿಮ್ಮ ಸ್ಥಿತಿ ಡೀಯದಕ್ಕಿಂತ ಎಷ್ಟೋ ಮೇಲು, ಏಕೆಂದರೆ ಕಂಡವರು ನೀವೇ. ಹಾಗಿದ್ದೂ ಮುದುಕಿ ಯಾರು, ಬಾಗಿಲು ತೆರೆದಿದೆಯೋ ಇಲ್ಲವೋ ಎಂಬುದನ್ನು ಹೇಳುವವರು ಆ ರಾತ್ರಿ ಆ ಕೋಣೆಯಲ್ಲಿಯೇ ಇರಲಿಲ್ಲ.

ಕನ್ನಡಿಯ ಎಲ್ಲ ಸಾಧನೆಗಳೂ ಹೀಗೆಯೇ ಎಂದು ನೀವು ತಿಳಿಯಬಾರದು. ಜಪಾನಿನ ಇಸೆ ಮಂದಿರದ ಪವಿತ್ರ ಕನ್ನಡಿಯು ಸೂರ್ಯದೇವತೆ ಅಮಾತೆರಾಸುವಿನ ಪ್ರತೀಕ. ಅದರಲ್ಲಿ ಭವಿಷ್ಯ ನೋಡುವುದು ಒತ್ತಟ್ಟಿಗಿರಲಿ, ಅದನ್ನು ಸಾರ್ವಜನಿಕರಿಗೆ ತೋರಿಸುವುದೂ ಇಲ್ಲ. ಮಂಗೋಲಿಯಾ ಮತ್ತು ಸೈಬೀರಿಯಾದ ಶಾಮನರು ಎಂಬ ಮಾಂತ್ರಿಕ ಪೂಜಾರಿಗಳು ಲೋಹದ ಕನ್ನಡಿಗಳನ್ನು ಎದೆಯ ಮೇಲೆ ಕವಚದ ಹಾಗೆ ತೊಡುತ್ತಾರೆ. ಟಿಬೆಟಿನ ಬೌದ್ಧ ವಿಧಿಗಳಲ್ಲಿ ದೇವತೆಯ ಚಿತ್ರಪಟಕ್ಕೆ ಅಭಿಷೇಕ ಮಾಡಬೇಕಾದಾಗ ಪಟದ ಎದುರಿಗೆ ಕನ್ನಡಿ ಹಿಡಿದು, ಅದರಲ್ಲಿ ಮೂಡಿದ ಬಿಂಬದ ಮೇಲೆ ನೀರೆರೆಯುತ್ತಾರೆ. ನೀರು ಕನ್ನಡಿಯ ಮೇಲೆ ಹರಿಯುತ್ತದೆ, ಬಣ್ಣ ಕೆಡುವುದಿಲ್ಲ, ಪೂಜೆಯೂ ಸಲ್ಲುತ್ತದೆ. ಏನು ಬಂದು ನಿಂತರೂ ತೋರಿಸಿ, ಹೋದ ಮೇಲೆ ಯಾವುದನ್ನೂ ಉಳಿಸಿಕೊಳ್ಳದ ಕನ್ನಡಿಯನ್ನು ಅಲ್ಲಿ ಚಿತ್ತದ ಸ್ವರೂಪಕ್ಕೆ ಹೋಲಿಸುತ್ತಾರೆ. ಮಾರ್ಗದರ್ಶಕಿಯ ಬಾಗಿಲಿಗಿಂತ ಈ ನೋಟ ನಮಗೆ ಹೆಚ್ಚು ಆಳವಾಗಿ ಕಾಣುತ್ತದೆ. ಇನ್ನು ಒಳಗೆಲ್ಲ ಕನ್ನಡಿ ಅಂಟಿಸಿದ ಪೆಟ್ಟಿಗೆಯಲ್ಲಿ ಶತ್ರುವಿನ ಗೊಂಬೆಯನ್ನಿಟ್ಟು ಕೇಡನ್ನು ಅವರಿಗೇ ತಿರುಗಿಸುವ ಇಂದಿನ ಮಾಟದ ಬಗ್ಗೆಯೂ ನೀವು ಕೇಳಿದ್ದೀರಿ. ಅದರಿಂದ ಶತ್ರುವಿಗೆ ಏನೂ ಆಗುವುದಿಲ್ಲ. ಮಾಡಿದವರು ಮಾತ್ರ ದಿನವೂ ಆ ಪೆಟ್ಟಿಗೆಯ ಕಾವಲುಗಾರರಾಗುತ್ತಾರೆ.

ಅಪಾಯದ ಪ್ರಶ್ನೆಗೆ ಬರೋಣ. ಅಪಾಯಗಳಿವೆ, ಆದರೆ ನಿಮಗೆ ಹೇಳಿದವಲ್ಲ. ನಿದ್ದೆಗೆಟ್ಟವರೂ, ಹಿಂದೆ ಚಿತ್ತಭ್ರಮೆಗೆ ಚಿಕಿತ್ಸೆ ಪಡೆದವರೂ ಈ ಸಾಧನೆಯನ್ನು ಮಾಡಬಾರದು. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇರುವವರಿಗೆ ಕನ್ನಡಿಯ ಮುಖಗಳು ಹೆಚ್ಚು ಸಲ, ಹೆಚ್ಚು ತೀವ್ರವಾಗಿ ಕಾಣುತ್ತವೆ ಎಂಬುದನ್ನು ಕಪುಟೋ ಮತ್ತು ಸಂಗಡಿಗರೇ ಮುಂದಿನ ಅಧ್ಯಯನದಲ್ಲಿ ತೋರಿಸಿದ್ದಾರೆ. ಕನ್ನಡಿಯಿಂದ ಎದ್ದ ಮೇಲೆ, ಹಗಲಿನಲ್ಲಿಯೂ ಆ ಮುಖಗಳು ಕಾಣುತ್ತಿದ್ದರೆ ಅಥವಾ ನಿಮಗೆ ಅಪ್ಪಣೆ ಕೊಡುವ ಧ್ವನಿ ಕೇಳುತ್ತಿದ್ದರೆ ತಡಮಾಡದೆ ಮನೋವೈದ್ಯರನ್ನು ಕಾಣಿ. ಬೆನ್ನ ಹಿಂದೆ ಉರಿಯುವ ಮೇಣದಬತ್ತಿ ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಹತ್ತಿರ ಪರದೆಯಿದ್ದರೆ ಅದಕ್ಕಿಂತ ದೊಡ್ಡ ಆಪತ್ತಿಲ್ಲ. ಸಣ್ಣ ವಿದ್ಯುದ್ದೀಪ ಸಾಕು. ಹಳೆಯ ಕನ್ನಡಿಗೆ ಶಕ್ತಿ ಹೆಚ್ಚೆಂದು ಪುರಾತನ ಕನ್ನಡಿಯನ್ನು ತಂದು, ಹಿಂಬದಿಯ ಲೇಪವನ್ನು ಕೆರೆದು ಕಪ್ಪು ಬಳಿಯುವ ರೂಢಿ ಕೆಲವರಲ್ಲಿದೆ. ಅದನ್ನು ಖಂಡಿತ ಮಾಡಬೇಡಿ. ಬೆಳ್ಳಿಯ ಲೇಪ ಬಳಕೆಗೆ ಬರುವ ಮೊದಲು, 19ನೆಯ ಶತಮಾನದಲ್ಲಿಯೂ ಬಹುಕಾಲ, ಗಾಜಿನ ಹಿಂದೆ ತವರ ಮತ್ತು ಪಾದರಸದ ಮಿಶ್ರಣವನ್ನು ಹಚ್ಚುತ್ತಿದ್ದರು. ಕೆರೆದರೆ ಅದು ಉಸಿರಿಗೆ ಸೇರುತ್ತದೆ.

ಸಾಧನೆಯನ್ನು ಮುಂದುವರಿಸಬೇಕೇ ಎಂಬುದು ನಿಮಗೆ ಬಿಟ್ಟದ್ದು. ಮುಂದುವರಿಸುವುದಾದರೆ ಹತ್ತು ನಿಮಿಷ ಮೀರಬೇಡಿ, ಎದ್ದ ಕೂಡಲೇ ದೀಪ ಹಾಕಿ, ಕಂಡದ್ದನ್ನು ಯಾರಿಗೂ ಹೇಳುವ ಮೊದಲು ನಿಮ್ಮ ಮಾತಿನಲ್ಲಿಯೇ ಬರೆದಿಡಿ. ಬೇರೆಯವರ ವ್ಯಾಖ್ಯಾನ ಕಿವಿಗೆ ಬಿದ್ದ ಮೇಲೆ ನೆನಪು ಅದಕ್ಕೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುತ್ತದೆ. ತಾಯಿಯ ಬಗ್ಗೆ ಮಾತನಾಡಬೇಕೆನ್ನಿಸಿದರೆ ಅವರನ್ನು ಬಲ್ಲವರೊಂದಿಗೆ ಮಾತನಾಡಿ. ನಿಮ್ಮ ಮಾರ್ಗದರ್ಶಕಿಗೆ ಅವರ ಪರಿಚಯವೇ ಇರಲಿಲ್ಲ.

ರಾತ್ರಿ ಕನ್ನಡಿಗೆ ಬಟ್ಟೆ ಮುಚ್ಚಬೇಕೆಂದು ಮಾರ್ಗದರ್ಶಕಿ ಹೇಳಿದ್ದರೆ ಮುಚ್ಚಿ, ಅದಕ್ಕೆ ಖರ್ಚಿಲ್ಲ. ಯಹೂದಿಗಳ ಮನೆಗಳಲ್ಲಿ ಸಾವಿನ ನಂತರದ ಏಳು ದಿನಗಳ ಶೋಕದಲ್ಲಿ ಕನ್ನಡಿಗಳನ್ನು ಮುಚ್ಚುವ ಪದ್ಧತಿ ಇಂದಿಗೂ ಇದೆ, ಅದರಿಂದ ಯಾರಿಗೂ ಕೆಡುಕಾಗಿಲ್ಲ. ಮುಚ್ಚಿಸುವ ವಿಧಿಗೆಂದು ಕೇಳಿದ ಹಣವನ್ನು ಮಾತ್ರ ಕೊಡಬೇಡಿ. ಕೊಟ್ಟರೆ, ಇನ್ನೊಂದು ಬಾಗಿಲು ತೆರೆದಿದೆಯೆಂಬ ಸುದ್ದಿ ನಿಮಗೆ ಬೇಗನೆ ತಲುಪುತ್ತದೆ. ಈಗಾಗಲೇ ಮುಂಗಡ ಕೊಟ್ಟಿದ್ದರೆ ಅದನ್ನು ಬರವಣಿಗೆಯಲ್ಲಿ ವಾಪಸು ಕೇಳಿ, ಅವರ ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ.

— ಸಂಪಾದಕ